ನಾಲ್ಕು ದಿನದ ಮುಂಬಯಿ: ಹೋಗಿಬಂದವರೂ ಅಲ್ಲೇ ಇರುವವರೂ ಹೇಳಿದ್ದು

ದಾವಣಗೆರೆಯಿಂದ, ಪ್ರಶ್ನೆ

ಡಿಸೆಂಬರಿನ ಒಂದು ಶನಿವಾರ ಬೆಳಿಗ್ಗೆ ದಾದರಿನಲ್ಲಿ ಇಳಿದು, ಮಂಗಳವಾರ ರಾತ್ರಿಯ ಗಾಡಿಗೆ ಹಿಂದಿರುಗುವಂತೆ ನಾವು ಆರು ಮಂದಿ ಮುಂಬಯಿಗೆ ಹೊರಟಿದ್ದೇವೆ. ನಾನು, ನನ್ನ ಪತ್ನಿ, ಹತ್ತು ಮತ್ತು ಹದಿಮೂರು ವರ್ಷದ ಇಬ್ಬರು ಮಕ್ಕಳು, ನಿವೃತ್ತ ಕನ್ನಡ ಮೇಷ್ಟ್ರಾದ ನಮ್ಮ ತಂದೆ ಹಾಗೂ ಮಂಡಿನೋವಿರುವ ನಮ್ಮ ತಾಯಿ. ಪತ್ನಿಯ ಚಿಕ್ಕಪ್ಪನವರು ಡೊಂಬಿವಲಿಯಲ್ಲಿದ್ದು, ಬೇರೆಲ್ಲಾದರೂ ಉಳಿದರೆ ಮಾತು ಬಿಡುತ್ತೇನೆ ಎಂದಿದ್ದಾರೆ. ಅವರ ಮನೆಯಲ್ಲಿ ಉಳಿದು ದಿನವೂ ಕಾರು ಮಾಡಿಕೊಂಡು ಓಡಾಡೋಣ, ಭಾನುವಾರ ಕೋಟೆ ಪ್ರದೇಶ ಮತ್ತು ಮರೀನ್ ಡ್ರೈವ್, ಸೋಮವಾರ ಎಲಿಫೆಂಟಾ ದ್ವೀಪದ ಗುಹೆಗಳು, ಮಂಗಳವಾರ ಸಿದ್ಧಿವಿನಾಯಕನ ದರ್ಶನ ಮುಗಿಸಿ ಹೊರಡೋಣ ಎಂದು ಯೋಚಿಸಿದ್ದೇವೆ. ಅನುಭವವಿರುವವರು ತಿದ್ದಬೇಕೆಂದು ವಿನಂತಿ.

ಡೊಂಬಿವಲಿಯಿಂದ

ಇಪ್ಪತ್ತಾರು ವರ್ಷಗಳಿಂದ ಡೊಂಬಿವಲಿಯಲ್ಲೇ ಇರುವವನು ನಾನು. ಆ ಧೈರ್ಯದಿಂದಲೇ ಹೇಳುತ್ತೇನೆ, ಮುಂಬಯಿ ನೋಡಲು ಬಂದವರು ಡೊಂಬಿವಲಿಯಲ್ಲಿ ಉಳಿಯಬಾರದು. ದಕ್ಷಿಣ ತುದಿಯ ರೈಲು ನಿಲ್ದಾಣವಾದ ಸಿಎಸ್‌ಎಂಟಿಯಿಂದ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ನಮ್ಮ ನಿಲ್ದಾಣ ಸುಮಾರು 48 ಕಿಲೋಮೀಟರ್ ದೂರದಲ್ಲಿದೆ. ಕೆಲವೇ ನಿಲ್ದಾಣಗಳಲ್ಲಿ ನಿಲ್ಲುವ ಫಾಸ್ಟ್ ಲೋಕಲ್ ರೈಲಿನಲ್ಲೂ ಒಂದು ಗಂಟೆಗೆ ಮೇಲಾಗುತ್ತದೆ, ಕಾರಿನಲ್ಲಿ ಎಷ್ಟು ಹೊತ್ತು ಎಂದು ಕೇಳಿದರೆ ನಾವು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮೂರು ದಿನ ಹೀಗೆ ಹೋಗಿಬಂದರೆ ನಿಮ್ಮ ತಾಯಿಯವರು ಹೆಚ್ಚಾಗಿ ನೋಡುವುದು ಮುಂದಿನ ಗಾಡಿಯ ಹಿಂಬದಿಯನ್ನೇ.

ಮುಂಬಯಿ ಅಗಲಕ್ಕಿಲ್ಲ, ಉದ್ದಕ್ಕಿದೆ. ತೆಂಕಣ ತುದಿಯಲ್ಲಿ ಕಚೇರಿಗಳು, ಬಡಗಣಕ್ಕೆ ಮನೆಗಳು. ಬೆಳಿಗ್ಗೆ ಎಂಟರಿಂದ ಹನ್ನೊಂದರವರೆಗೆ ಜನ ದಕ್ಷಿಣಕ್ಕೆ ಹರಿಯುತ್ತಾರೆ, ಸಂಜೆ ಐದೂವರೆಯಿಂದ ಎಂಟೂವರೆಯವರೆಗೆ ಉತ್ತರಕ್ಕೆ ಹರಿಯುತ್ತಾರೆ. ಆದ್ದರಿಂದ ಇಲ್ಲಿ ದೂರವನ್ನು ಕೇಳುವುದಕ್ಕಿಂತ, ಯಾವ ಹೊತ್ತಿನಲ್ಲಿ ಯಾವ ದಿಕ್ಕಿಗೆ ಹೋಗುತ್ತೇವೆ ಎಂದು ಮೊದಲು ನೋಡಿಕೊಳ್ಳಬೇಕು. ಅದೇ ಡೊಂಬಿವಲಿ ಗಾಡಿ ಬೆಳಿಗ್ಗೆ ಹತ್ತು ಗಂಟೆಗೆ ದಾದರಿನಿಂದ ಉತ್ತರಕ್ಕೆ ಬರುವಾಗ ಕುಳಿತುಕೊಳ್ಳಲು ಸ್ಥಳ ಸಿಗುವಷ್ಟು ಹಗುರವಾಗಿರುತ್ತದೆ.

ಹಾಗಾಗಿ ದಾದರ್ ಪೂರ್ವ ಅಥವಾ ಮಾಟುಂಗದ ಆಸುಪಾಸಿನಲ್ಲಿ ಮೂರು ರಾತ್ರಿ ಕೋಣೆ ಮಾಡಿ, ಮಂಗಳವಾರ ಬೆಳಿಗ್ಗೆ ಸಾಮಾನಿನ ಸಮೇತ ಚಿಕ್ಕಪ್ಪನವರ ಮನೆಗೆ ಹೋಗಿ. ಮಧ್ಯಾಹ್ನದ ಊಟ, ಸಂಜೆಯ ಮಾತು ಎಲ್ಲವೂ ಅಲ್ಲೇ ಆಗಲಿ. ದಾದರಿನಿಂದ ಹುಬ್ಬಳ್ಳಿ ಕಡೆಗೆ ಹೊರಡುವ ಚಾಲುಕ್ಯ, ಶರಾವತಿ ಗಾಡಿಗಳು ಕಲ್ಯಾಣದಲ್ಲಿ ನಿಲ್ಲುತ್ತವೆ. ಕಲ್ಯಾಣ ನಮಗೆ ಎರಡನೆಯ ನಿಲ್ದಾಣ, ನಡುವೆ ಠಾಕುರ್ಲಿಯೊಂದೇ. ನಿಮ್ಮ ಟಿಕೆಟಿನಲ್ಲಿ ಹತ್ತುವ ನಿಲ್ದಾಣವನ್ನು ದಾದರಿನ ಬದಲು ಕಲ್ಯಾಣವೆಂದು ಮುಂಚಿತವಾಗಿಯೇ ಬದಲಿಸಿಕೊಂಡರೆ ರಾತ್ರಿ ದಾದರಿಗೆ ಮರಳುವ ಕೆಲಸವೇ ಇಲ್ಲ. ಚಿಕ್ಕಪ್ಪನವರ ಮಾತೂ ಉಳಿಯುತ್ತದೆ.

ಇನ್ನು ಕಾರಿನ ವಿಷಯ. ದಿನಪೂರ್ತಿ ಕಾರು ಹಿಡಿದರೆ, ನೀವು ನೋಡುವ ಜಾಗಗಳಲ್ಲಿ ಅದನ್ನು ನಿಲ್ಲಿಸಲು ಸ್ಥಳ ಹುಡುಕುವುದೇ ಚಾಲಕನಿಗೆ ಒಂದು ಉದ್ಯೋಗವಾಗುತ್ತದೆ. ದಕ್ಷಿಣ ಮುಂಬಯಿಯೊಳಗೆ ಕಪ್ಪು-ಹಳದಿ ಟ್ಯಾಕ್ಸಿ ಸಾಕು, ಮೀಟರಿನ ಪ್ರಕಾರ ಬರುತ್ತಾರೆ. ಒಂದು ಟ್ಯಾಕ್ಸಿಗೆ ನಾಲ್ವರು ಎಂಬ ಲೆಕ್ಕ ಇರುವುದರಿಂದ ನೀವು ಎರಡು ಮಾಡಬೇಕಾಗುತ್ತದೆ; ಎರಡರಲ್ಲೂ ದಾರಿ ಗೊತ್ತಿರುವ ಒಬ್ಬೊಬ್ಬ ದೊಡ್ಡವರು ಇರಲಿ. ಆಟೋಗಳು ಪಶ್ಚಿಮದಲ್ಲಿ ಬಾಂದ್ರಾದಿಂದ, ಪೂರ್ವದಲ್ಲಿ ಸಾಯನ್‌ನಿಂದ ಆಚೆಗೆ ಮಾತ್ರ ಓಡುತ್ತವೆ. ದಾದರಿನಲ್ಲಿ ಇಳಿದು ಆಟೋಗಾಗಿ ಕಾಯುತ್ತಾ ನಿಂತಿದ್ದ ಎಷ್ಟೋ ನೆಂಟರನ್ನು ನಾನು ಬಲ್ಲೆ.

ಶಿವಮೊಗ್ಗದಿಂದ

ನನ್ನ ಅತ್ತೆಯವರನ್ನು ಕರೆದುಕೊಂಡು ಎಲಿಫೆಂಟಾಕ್ಕೆ ಹೋಗಿಬಂದವಳು ನಾನು. ಮೊದಲು ಮುಖ್ಯವಾದ ಮಾತು: ಗುಹೆಗಳಿಗೆ ಸೋಮವಾರ ರಜೆ. ನೀವು ಹಾಕಿಕೊಂಡಿರುವ ದಿನವೇ ಬಾಗಿಲು ಹಾಕಿರುತ್ತದೆ. ಭಾನುವಾರ ಜನ ಹೆಚ್ಚು ಎನ್ನುವುದು ನಿಜವಾದರೂ ನಿಮಗೆ ಉಳಿದಿರುವುದು ಅದೇ ದಿನ. ಬೆಳಿಗ್ಗೆ ಒಂಬತ್ತರ ಸುಮಾರಿಗೆ ಹೊರಡುವ ಮೊದಲ ಬೋಟುಗಳಲ್ಲೇ ಹೋದರೆ, ನೂಕುನುಗ್ಗಲು ಆರಂಭವಾಗುವ ಹೊತ್ತಿಗೆ ನೀವು ಇಳಿದು ಬರುತ್ತಿರುತ್ತೀರಿ. ಬೋಟು ಹೊರಡುವ ಗೇಟ್‌ವೇ ಆಫ್ ಇಂಡಿಯಾದಿಂದ ಸುಮಾರು ಒಂದು ಗಂಟೆಯ ಪ್ರಯಾಣ.

ಮೆಟ್ಟಿಲುಗಳ ಬಗ್ಗೆ ಎಲ್ಲರೂ ಹೇಳುತ್ತಾರೆ. ಬೋಟು ಹತ್ತುವ ಕಷ್ಟದ ಬಗ್ಗೆ ನನಗೆ ಯಾರೂ ಹೇಳಿರಲಿಲ್ಲ. ನಾವು ಹೋದ ದಿನ ನಮ್ಮ ಬೋಟು ದಡಕ್ಕೆ ತಾಗಿರಲಿಲ್ಲ, ಇನ್ನೊಂದು ಬೋಟಿನ ಪಕ್ಕದಲ್ಲಿ ನಿಂತಿತ್ತು. ಮೊದಲ ಬೋಟನ್ನು ಅಡ್ಡ ದಾಟಿ ಎರಡನೆಯದಕ್ಕೆ ಕಾಲಿಡಬೇಕು. ಎರಡೂ ಒಂದೇ ತಾಳಕ್ಕೆ ಏಳುವುದಿಲ್ಲ. ಇದು ಏರಿದಾಗ ಅದು ಇಳಿಯುತ್ತದೆ. ಅತ್ತೆಯವರು ಸೀರೆಯ ನೆರಿಗೆಯನ್ನು ಒಂದು ಕೈಯಲ್ಲಿ, ಬೋಟಿನ ಹುಡುಗನ ಮುಂಗೈಯನ್ನು ಇನ್ನೊಂದು ಕೈಯಲ್ಲಿ ಹಿಡಿದು, ಎರಡು ಸಲ ಕಾಲೆತ್ತಿ ಹಿಂದೆಗೆದು, ಮೂರನೆಯ ಸಲ ಕಣ್ಣು ಮುಚ್ಚಿಯೇ ದಾಟಿದರು. ಅದಕ್ಕಾಗಿ, ಮೊದಲೇ ಬೋಟಿನವರಿಗೆ ಮಂಡಿನೋವಿನವರು ಇದ್ದಾರೆಂದು ತಿಳಿಸಿ, ಎಲ್ಲರೂ ಹತ್ತಿದ ಮೇಲೆ ನಿಧಾನವಾಗಿ ಹತ್ತಿಸಿ. ಲೈಫ್ ಜಾಕೆಟ್ ಕೊಟ್ಟಾಗ ಸೆಖೆಯೆಂದು ಪಕ್ಕಕ್ಕಿಡಬೇಡಿ. 2024ರ ಡಿಸೆಂಬರಿನಲ್ಲಿ ಇದೇ ದಾರಿಯಲ್ಲಿ ಪ್ರಯಾಣಿಕರ ಬೋಟಿಗೆ ನೌಕಾಪಡೆಯ ದೋಣಿ ಬಡಿದು ಸಾವುನೋವು ಆಗಿತ್ತು.

ಆಚೆ ದಡದಲ್ಲಿ ಕಟ್ಟೆಯಿಂದ ಬೆಟ್ಟದ ಬುಡದವರೆಗೆ ಪುಟಾಣಿ ರೈಲು ಇದೆ, ಮಕ್ಕಳಿಗೆ ಅದೇ ಹಬ್ಬ. ಅಲ್ಲಿಂದ ನೂರಿಪ್ಪತ್ತರಷ್ಟು ಮೆಟ್ಟಿಲುಗಳು, ಎರಡೂ ಬದಿ ಅಂಗಡಿಗಳು. ಡೋಲಿಯಲ್ಲಿ ಹೊತ್ತುಕೊಂಡು ಹೋಗುವವರು ಸಿಗುತ್ತಾರೆ. ದರವನ್ನು ಬುಡದಲ್ಲೇ, ಹೋಗಿಬರುವುದಕ್ಕೆ ಒಟ್ಟಾಗಿ, ಮಾತಾಡಿಕೊಳ್ಳಿ. ನಾವು ಹತ್ತುವುದಕ್ಕೆ ಮಾತ್ರ ಮಾತಾಡಿಕೊಂಡು, ಇಳಿಯುವಾಗ ಅವರು ಕೇಳಿದಷ್ಟು ಕೊಟ್ಟೆವು. ಕೈಯಲ್ಲಿ ತಿಂಡಿ, ನೀರಿನ ಬಾಟಲಿ ಕಾಣಿಸಿದರೆ ಮಂಗಗಳು ಬಿಡುವುದಿಲ್ಲ.

ಇಷ್ಟೆಲ್ಲ ಪಟ್ಟ ಮೇಲೆ ಒಳಗಿನ ಮೂರು ಮುಖದ ಶಿವನ ಮುಂದೆ ಅತ್ತೆಯವರು ಅರ್ಧ ಗಂಟೆ ಕುಳಿತಿದ್ದರು. ಮೂರ್ತಿ ಹೆಚ್ಚುಕಡಿಮೆ ಇಪ್ಪತ್ತು ಅಡಿ ಎತ್ತರ. ಹೊರಗಿನ ಬೆಳಕಿನಿಂದ ಬಂದ ಕಣ್ಣಿಗೆ ಮೊದಲು ಏನೂ ಕಾಣುವುದಿಲ್ಲ, ಆಮೇಲೆ ನಡುವಿನ ಮುಖದ ಕೆಳತುಟಿ, ಬಳಿಕ ಉಳಿದದ್ದು ಒಂದೊಂದಾಗಿ ಮೂಡುತ್ತದೆ. ಆ ಹೊತ್ತಿಗೆ ಗೈಡಿನ ಮಾತು ಬೇಕಾಗುವುದಿಲ್ಲ.

ಮಾಟುಂಗದಿಂದ

ತಂದೆಯವರು ಕನ್ನಡ ಮೇಷ್ಟ್ರು ಎಂದು ಓದಿ ಬರೆಯಬೇಕೆನಿಸಿತು. 634ರ ಐಹೊಳೆ ಶಾಸನದಲ್ಲಿ ರವಿಕೀರ್ತಿಯು, ಇಮ್ಮಡಿ ಪುಲಕೇಶಿಯು ನೂರಾರು ಹಡಗುಗಳೊಂದಿಗೆ ಪಡುವಣ ಕಡಲಿನ ಲಕ್ಷ್ಮಿಯಂತಿದ್ದ ಪುರಿಯನ್ನು ಮುತ್ತಿದನೆಂದು ಹೇಳುತ್ತಾನಲ್ಲವೆ? ಆ ಪುರಿ ಎಂದರೆ ಎಲಿಫೆಂಟಾ ಇರುವ ಘಾರಾಪುರಿಯೇ ಎಂದು ಕೆಲವು ವಿದ್ವಾಂಸರು ಗುರುತಿಸುತ್ತಾರೆ, ಎಲ್ಲರೂ ಒಪ್ಪಿಲ್ಲ. ಬೋಟಿನಲ್ಲಿ ಕುಳಿತಾಗ ಮೊಮ್ಮಕ್ಕಳಿಗೆ ಇದನ್ನು ಅವರ ಬಾಯಿಂದಲೇ ಕೇಳಿಸಿ.

ಬೋರಿವಲಿಯ ರಾಷ್ಟ್ರೀಯ ಉದ್ಯಾನದೊಳಗಿನ ಕಾನ್ಹೇರಿ ಗುಹೆಗಳಲ್ಲಿ ಅಮೋಘವರ್ಷ ನೃಪತುಂಗನ ಕಾಲದ ಶಾಸನಗಳಿವೆ. ಅವನ ಸಾಮಂತರಾಗಿ ಕೊಂಕಣವನ್ನು ಆಳುತ್ತಿದ್ದ ಶಿಲಾಹಾರರ ಹೆಸರುಗಳೂ ಅವುಗಳಲ್ಲಿ ಬರುತ್ತವೆ. ಆದರೆ ಅಲ್ಲಿ ಬಂಡೆ ಹತ್ತಿಳಿಯುವ ಕೆಲಸ ಬಹಳ, ಅದಕ್ಕೂ ಸೋಮವಾರ ರಜೆ. ಈ ಸಲ ಬಿಟ್ಟುಬಿಡುವುದೇ ಸರಿ. ಶಿಲಾಹಾರರ ಗುರುತನ್ನು ನೋಡಲು ವಾಲ್ಕೇಶ್ವರದ ಬಾಣಗಂಗೆಗೆ ಹೋಗಬಹುದು. ಶಿಲಾಹಾರರ ಆಸ್ಥಾನದ ಲಕ್ಷ್ಮಣ ಪ್ರಭು ಎಂಬ ಮಂತ್ರಿ 1127ರಲ್ಲಿ ಕಟ್ಟಿಸಿದನೆಂದು ಹೇಳುವ ಪುಷ್ಕರಣಿ ಅದು. ಸುತ್ತ ಎತ್ತರದ ಕಟ್ಟಡಗಳು, ನಡುವೆ ಬಾತುಕೋಳಿಗಳು ಈಜುವ ನೀರು. ತಾಯಿಯವರು ಮೇಲಿನ ಕಟ್ಟೆಯಲ್ಲೇ ಕುಳಿತು ನೋಡಬಹುದು. ಅಲ್ಲಿಂದ ಸಂಜೆ ಮರೀನ್ ಡ್ರೈವಿಗೆ ಟ್ಯಾಕ್ಸಿಯಲ್ಲಿ ಹದಿನೈದು ನಿಮಿಷವೂ ಬೇಡ. ಸಮುದ್ರಕ್ಕೆ ಮುಖ ಮಾಡಿ ಕುಳಿತವರು ಒಮ್ಮೆ ಹಿಂದಿರುಗಿ ರಸ್ತೆಯಾಚೆಗಿನ ದುಂಡು ಮೂಲೆಯ ಮನೆಗಳನ್ನೂ ನೋಡಿರಿ. ಯುನೆಸ್ಕೋ 2018ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಆ ಸಾಲನ್ನೂ, ಓವಲ್ ಮೈದಾನದ ಎದುರುಬದುರಿನ ಕಟ್ಟಡಗಳನ್ನೂ.

ಸಿದ್ಧಿವಿನಾಯಕನಿಗೆ ಮಂಗಳವಾರ ಹೋಗುವುದು ಬೇಡ. ಗಣಪತಿಯ ವಾರವೆಂದು ನಡುರಾತ್ರಿಯಿಂದಲೇ ಸಾಲು ಬೆಳೆಯುತ್ತದೆ. ಸೋಮವಾರ ಬೆಳಿಗ್ಗೆ ಬೇಗ ಹೋದರೆ ಸುಲಭ. ದೇವಸ್ಥಾನದ ಹೆಸರಿನಲ್ಲೇ ಈಗ ಮೆಟ್ರೊ ನಿಲ್ದಾಣ ಇದೆ. ಆರೆಯಿಂದ ಕಫ್ ಪರೇಡಿನವರೆಗೆ ನೆಲದಡಿಯಲ್ಲಿ ಓಡುವ ಈ ಮಾರ್ಗ 2025ರ ಅಕ್ಟೋಬರಿನಲ್ಲಿ ಪೂರ್ಣವಾಗಿ ತೆರೆಯಿತು. ಲಿಫ್ಟು, ಎಸ್ಕಲೇಟರ್ ಇರುವುದರಿಂದ ವಯಸ್ಸಾದವರಿಗೆ ಲೋಕಲಿಗಿಂತ ಇದೇ ವಾಸಿ. ಮಕ್ಕಳಿಗೆ ನೆಹರೂ ವಿಜ್ಞಾನ ಕೇಂದ್ರ ತೋರಿಸುವುದಾದರೆ ಅದೇ ಮಾರ್ಗದಲ್ಲಿ ಸೈನ್ಸ್ ಸೆಂಟರ್ ನಿಲ್ದಾಣ, ಮುಂದೆ ಹೋದರೆ ಸಿಎಸ್‌ಎಂಟಿ ನಿಲ್ದಾಣ. ನೆಲದಡಿ ಮೊಬೈಲ್ ಸಂಪರ್ಕ ಕೈಕೊಡುವುದುಂಟು, ಟಿಕೆಟನ್ನು ಮೇಲೆಯೇ ಪಡೆದಿರಿ. ಮೆಟ್ರೊ ಸೂಚಿಸುವ ‘ದಾದರ್’ ಪಶ್ಚಿಮದ ಕಡೆಗಿದೆ. ನೀವು ಇಳಿಯುವ ರೈಲಿನ ದಾದರಿನ ಪೂರ್ವಭಾಗಕ್ಕೆ ಅದು ಹತ್ತಿರವಲ್ಲ.

ಊಟಕ್ಕೆ ನಮ್ಮ ಕಡೆ ಬನ್ನಿ. ಮಾಟುಂಗ ನಿಲ್ದಾಣದ ಪೂರ್ವಕ್ಕೆ ಇಳಿದರೆ ಪಕ್ಕದಲ್ಲೇ ರಾಮನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್, 1942ರದು, ಬಾಳೆ ಎಲೆಯ ಊಟ. ಅದು ಮಹಡಿಯ ಮೇಲಿದೆ ಎಂಬುದನ್ನು ತಾಯಿಯವರ ಸಲುವಾಗಿ ನೆನಪಿಡಿ. ಕಿಂಗ್ಸ್ ಸರ್ಕಲ್ ಕಡೆ ನಡೆದರೆ ಫಿಲ್ಟರ್ ಕಾಫಿಯ ಹೋಟೆಲುಗಳು, ಮಾರುಕಟ್ಟೆಯ ಬೀದಿಯಲ್ಲಿ ಮೊಳದ ಲೆಕ್ಕದ ಮಲ್ಲಿಗೆ, ಬಾಳೆಲೆ, ಬೂದುಗುಂಬಳ, ತೊಂಡೆಕಾಯಿ. ಹೂವಿನವರಲ್ಲಿ ಕನ್ನಡ, ತಮಿಳು, ಮರಾಠಿ ಯಾವುದೂ ನಡೆಯುತ್ತದೆ. 1926ರಿಂದಲೂ ಇರುವ ಮೈಸೂರು ಅಸೋಸಿಯೇಷನ್ ಅಲ್ಲೇ ಇದೆ. ಆ ದಿನ ನಾಟಕವೋ ಉಪನ್ಯಾಸವೋ ಇದ್ದರೆ ತಂದೆಯವರು ಹೋಗಿ ಕೂರಬಹುದು. ಹಳೆಯ ಉಡುಪಿ ಹೋಟೆಲುಗಳಲ್ಲಿ ಕೆಲವಕ್ಕೆ ಸೋಮವಾರ ರಜೆ, ಆದ್ದರಿಂದ ಈ ಊಟ ಶನಿವಾರವೇ ಆಗಲಿ.

ಉಡುಪಿಯಿಂದ

ಕರಾವಳಿಯಿಂದ ಹೋಗುವವರು ಇದನ್ನು ಓದುತ್ತಿದ್ದರೆ ಒಂದು ಮಾತು. ಮತ್ಸ್ಯಗಂಧ ರೈಲು ಬಂದು ನಿಲ್ಲುವುದು ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್‌ನಲ್ಲಿ. ಹೊರಗೆ ಬಂದೊಡನೆ ಸುತ್ತುವರಿಯುವವರ ಬಾಯಿಮಾತಿನ ದರಕ್ಕೆ ಒಪ್ಪಿ ನಾನೊಮ್ಮೆ ಮೂರು ಪಟ್ಟು ತೆತ್ತಿದ್ದೇನೆ. ಸಾಮಾನು ಕಡಿಮೆ ಇದ್ದರೆ ಹಾರ್ಬರ್ ಮಾರ್ಗದ ತಿಲಕ್ ನಗರ ನಿಲ್ದಾಣಕ್ಕೆ ನಡೆದೇ ಹೋಗಬಹುದು. ವಿಮಾನದಲ್ಲಿ ಬರುವವರು ಟಿಕೆಟಿನಲ್ಲಿ ಟರ್ಮಿನಲ್ ಒಂದೋ ಎರಡೋ, ಅಥವಾ ಹೊಸದಾಗಿ ಆರಂಭವಾಗಿರುವ ನವಿ ಮುಂಬಯಿ ನಿಲ್ದಾಣವೋ ಎಂದು ನೋಡಿಕೊಳ್ಳಬೇಕು. ಒಂದರಿಂದ ಇನ್ನೊಂದಕ್ಕೆ ನಡೆದು ಹೋಗುವಂತಿಲ್ಲ.

ಮತ್ತೆ ದಾವಣಗೆರೆಯಿಂದ

ಎಲ್ಲರಿಗೂ ವಂದನೆಗಳು. ಶನಿವಾರ ವಿಶ್ರಾಂತಿ ಮತ್ತು ಮಾಟುಂಗ, ಭಾನುವಾರ ಬೆಳಿಗ್ಗೆ ಟ್ಯಾಕ್ಸಿಯಲ್ಲಿ ಗೇಟ್‌ವೇಗೆ ಹೋಗಿ ಎಲಿಫೆಂಟಾ, ಸೋಮವಾರ ಸಿದ್ಧಿವಿನಾಯಕ, ವಿಜ್ಞಾನ ಕೇಂದ್ರ, ಬಾಣಗಂಗೆ, ಮರೀನ್ ಡ್ರೈವ್, ಮಂಗಳವಾರ ಡೊಂಬಿವಲಿ ಎಂದು ಬದಲಿಸಿದ್ದೇವೆ. ಚಿಕ್ಕಪ್ಪನವರು ಅರೆಮನಸ್ಸಿನಿಂದ ಒಪ್ಪಿದ್ದಾರೆ. ತಾಯಿಯವರು ಲೋಕಲನ್ನು ಒಮ್ಮೆಯಾದರೂ ಹತ್ತಲೇಬೇಕು ಎನ್ನುತ್ತಾರೆ. ಮಂಗಳವಾರ ಮಾಟುಂಗದಿಂದ ಸಾಮಾನಿನೊಂದಿಗೆ ಅವರನ್ನು ಹತ್ತಿಸಿ ಇಳಿಸುವುದು ಸಾಧ್ಯವೆ? ಗಾಡಿ ಅರ್ಧ ನಿಮಿಷವೂ ನಿಲ್ಲುವುದಿಲ್ಲವಂತೆ.

ಡೊಂಬಿವಲಿಯಿಂದ

ಸಾಧ್ಯ. ಭಾನುವಾರವಾಗಿದ್ದರೆ ಹಳಿ ದುರಸ್ತಿಯ ಮೆಗಾ ಬ್ಲಾಕ್ ಇದೆಯೇ ಎಂದು ನೋಡಬೇಕಿತ್ತು, ಮಂಗಳವಾರ ಆ ತೊಂದರೆ ಇಲ್ಲ. ಹತ್ತೂವರೆಯ ಮೇಲೆ ಹೊರಡಿ. ಮಾಟುಂಗದಲ್ಲಿ ಫಾಸ್ಟ್ ಗಾಡಿ ನಿಲ್ಲುವುದಿಲ್ಲ, ಸ್ಲೋ ಮಾತ್ರ. ಕಲ್ಯಾಣದವರೆಗಿನ ಯಾವುದೇ ಸ್ಲೋ ಗಾಡಿ ಆಗುತ್ತದೆ. ಹೊತ್ತು ಸ್ವಲ್ಪ ಹೆಚ್ಚಾದರೂ ದಾದರಿನ ನೂಕಾಟ ತಪ್ಪುತ್ತದೆ. ಫಸ್ಟ್ ಕ್ಲಾಸ್ ಟಿಕೆಟ್ ತೆಗೆದುಕೊಂಡು, ಪ್ಲಾಟ್‌ಫಾರ್ಮಿನಲ್ಲಿ ಆ ಡಬ್ಬ ಎಲ್ಲಿ ಬಂದು ನಿಲ್ಲುತ್ತದೆಂದು ಅಲ್ಲಿರುವವರನ್ನು ಕೇಳಿ ಅಲ್ಲೇ ನಿಲ್ಲಿರಿ. ಮೊದಲು ನೀವು ಹತ್ತಿ ಕೈಕೊಡಿ, ಹಿಂದಿನಿಂದ ನಿಮ್ಮ ಪತ್ನಿ ಬರಲಿ, ಸಾಮಾನು ಕೊನೆಗೆ. ಠಾಣೆ ದಾಟಿ ಮುಂಬ್ರಾ ಬಂದಾಗ ಒಂದು ಬದಿ ಗುಡ್ಡ, ಇನ್ನೊಂದು ಬದಿ ಖಾಡಿ, ಅಂದರೆ ಒಳನಾಡಿಗೆ ಚಾಚಿದ ಕಡಲ ನೀರು. ಕಿಟಕಿಯ ಪಕ್ಕ ತಾಯಿಯವರನ್ನೇ ಕೂರಿಸಿ. ಆಮೇಲೆ ದಿವಾ, ಕೋಪರ್. ಕೋಪರ್ ಬಂದೊಡನೆ ಎದ್ದು ಬಾಗಿಲ ಬಳಿ ಬಂದಿರಿ, ಮುಂದಿನದೇ ನಮ್ಮೂರು.