‘ಕರಾರು’, ‘ಒಡಂಬಡಿಕೆ’, ‘ಸನ್ನದು’: ತಂತಿ ಒಪ್ಪಂದಗಳಿಗೆ ಯಾವ ಪದ ಹೊಂದುತ್ತದೆ?

ಎಲ್ಲರಿಗೂ ನಮಸ್ಕಾರ.

ಒಂದು ಅನುವಾದದ ನಡುವೆ ಸಿಕ್ಕಿಕೊಂಡಿದ್ದೇನೆ. 19ನೇ ಶತಮಾನದಲ್ಲಿ ಪರ್ಷಿಯಾದ (ಈಗಿನ ಇರಾನ್) ಮೇಲೆ ಹಾದು ಇಂಗ್ಲೆಂಡಿನಿಂದ ಇಂಡಿಯಾಕ್ಕೆ ತಂತಿ, ಅಂದರೆ ಟೆಲಿಗ್ರಾಫ್, ಎಳೆದ ಕಥೆಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮೂಲದಲ್ಲಿ ಅಗ್ರಿಮೆಂಟ್, ಕನ್ವೆನ್ಷನ್, ಕನ್ಸೆಷನ್ ಎಂಬ ಮಾತುಗಳು ಪುಟಪುಟಕ್ಕೂ ಬರುತ್ತವೆ. ಮೊದಲ ಸುತ್ತಿನಲ್ಲಿ ಮೂರಕ್ಕೂ ‘ಒಪ್ಪಂದ’ ಅಂತಲೇ ಬರೆದೆ. ಮತ್ತೆ ಓದಿದಾಗ ಬೇಜಾರಾಯಿತು. ತಂತಿ ಯಾರದ್ದು, ನಡೆಸುವವರು ಯಾರು, ಯಾರು ಯಾರಿಗೆ ಏನು ಕೊಟ್ಟರು, ಒಂದೂ ತಿಳಿಯುತ್ತಿರಲಿಲ್ಲ. ಈ ಕಥೆಯ ಜೀವ ಇರುವುದೇ ಆ ಪ್ರಶ್ನೆಗಳಲ್ಲಿ.

ಹಿನ್ನೆಲೆ ಸ್ವಲ್ಪ ಹೇಳುತ್ತೇನೆ. 1857ರ ಮೇ 10ರಂದು ಮೀರತ್‌ನಲ್ಲಿ ಸಿಪಾಯಿಗಳು ದಂಗೆ ಎದ್ದ ಸುದ್ದಿ ಲಂಡನ್ನಿಗೆ ಮುಟ್ಟಲು ಆರು ವಾರಕ್ಕೂ ಜಾಸ್ತಿ ಹಿಡಿಯಿತು. ಆಮೇಲೆ ಬ್ರಿಟಿಷರಿಗೆ ಇಂಡಿಯಾದ ತಂತಿ ತುರ್ತಿನ ಕೆಲಸವಾಯಿತು. ಕೆಂಪು ಸಮುದ್ರದ ತಳದಲ್ಲಿ ಏಡನ್ ಮೂಲಕ ಕರಾಚಿಯವರೆಗೆ ಹಾಕಿದ ಕೇಬಲ್ 1860ರ ಹೊತ್ತಿಗೆ ಕೆಟ್ಟು ನಿಂತಿತು. ಹಾಗಾಗಿ ನೆಲದ ದಾರಿ ಹಿಡಿಯಬೇಕಾಯಿತು. ನೆಲ ಎಂದರೆ ಬೇರೆಯವರ ರಾಜ್ಯ. ತುರ್ಕಿಯ ಸುಲ್ತಾನ, ಪರ್ಷಿಯಾದ ಶಹಾ, ಬಲೂಚಿಸ್ತಾನದ ದೊರೆಗಳಾದ ಕಲಾತಿನ ಖಾನ, ಲಾಸ್ ಬೇಲಾದ ಜಾಮ, ಎಲ್ಲರನ್ನೂ ಒಪ್ಪಿಸಬೇಕಿತ್ತು. ಒಬ್ಬೊಬ್ಬರ ಜೊತೆಗೂ ಆದ ಮಾತುಕತೆಯ ಬಗೆ ಬೇರೆ ಬೇರೆ.

ಪರ್ಷಿಯಾದ್ದನ್ನೇ ನೋಡಿ. 1862ರ ಕೊನೆಯಲ್ಲಿ ಮಾತಾದದ್ದು ಹೀಗೆ: ತುರ್ಕಿ ಗಡಿಯ ಖಾನಕೀನ್‌ನಿಂದ ಟೆಹ್ರಾನ್, ಇಸ್ಫಹಾನ್, ಶಿರಾಜ್ ಮೇಲೆ ಬುಶೆಹ್ರ್ ಬಂದರಿನವರೆಗೆ ಪರ್ಷಿಯಾ ತನ್ನ ಖರ್ಚಿನಲ್ಲೇ ತಂತಿ ಎಳೆಯಬೇಕು. ಸಾಮಾನು ಇಂಗ್ಲೆಂಡಿನಿಂದ ಕೊಳ್ಳಬೇಕು. ಇಂಗ್ಲಿಷ್ ಅಧಿಕಾರಿಗಳು ಮೇಲುಸ್ತುವಾರಿ ನೋಡಬೇಕು. 1865ರ ನವೆಂಬರ್ 23ರ ಕನ್ವೆನ್ಷನ್ನಿನಲ್ಲಿ ಎರಡನೇ ತಂತಿಯ ಮಾತು ಬಂತು. ಅದನ್ನು ನಡೆಸಲು ಹೆಂಡತಿ ಮಕ್ಕಳನ್ನು ಬಿಟ್ಟು 50ಕ್ಕಿಂತ ಹೆಚ್ಚು ಇಂಗ್ಲಿಷ್ ನೌಕರರು ಇರಕೂಡದು, ಅದೂ ಐದು ವರ್ಷದ ಮಟ್ಟಿಗೆ, ಎಂದು ಅದರಲ್ಲಿದೆ. ಆ ಐದು ವರ್ಷ ಮುಂದೆ ಮತ್ತೆ ಮತ್ತೆ ವಿಸ್ತರಣೆಯಾಯಿತು. ಆದರೂ ಕಾಗದದ ಮೇಲೆ ತಂತಿ ಪರ್ಷಿಯಾದ್ದೇ. ಇಂಗ್ಲಿಷರು ಅದನ್ನು ನೋಡಿಕೊಳ್ಳುವವರು.

ಇದಕ್ಕೆ ನನಗೆ ‘ಕರಾರು’ ಹಿಡಿಸುತ್ತದೆ. ಮನೆ ಬಾಡಿಗೆಯ ಕರಾರು ಪತ್ರ ನಮಗೆಲ್ಲ ಗೊತ್ತು. ಇಬ್ಬರು ಎದುರುಬದುರು ಕೂತು, ಷರತ್ತು ಬರೆದು, ಇಬ್ಬರೂ ರುಜು ಹಾಕುವುದು. ‘ಒಂದು ಕರಾರಿನ ಮೇಲೆ ಬರುತ್ತೇನೆ’ ಎನ್ನುವಾಗಲೂ ಷರತ್ತಿನ ಅರ್ಥವೇ ಮುಂದೆ ನಿಲ್ಲುತ್ತದೆ. ಇನ್ನೊಂದು ಖುಷಿಯ ವಿಷಯ ಇದೆ. ‘ಕರಾರು’ ನಮಗೆ ಬಂದದ್ದು ಅರಬ್ಬಿ ಮೂಲದ ‘ಕರಾರ್’ನಿಂದ, ಪಾರಸಿಯ ದಾರಿ ಹಿಡಿದು. ಪಾರಸಿಯಲ್ಲಿ ಇಂದಿಗೂ ಒಪ್ಪಂದಕ್ಕೆ ‘ಕರಾರ್‌ದಾದ್’ ಎನ್ನುತ್ತಾರೆ. ಟೆಹ್ರಾನಿನಲ್ಲಿ ಆದ ಮಾತನ್ನು ಹೇಳಲು ಅದೇ ನಾಡಿನ ಮೂಲಕ ಬಂದ ಪದ ನಮ್ಮ ಅಡುಗೆಮನೆಯ ಮಾತಿನಷ್ಟು ಸಲೀಸಾಗಿ ಸಿಕ್ಕಿದೆ. ಇದನ್ನು ಬಿಡಲು ಮನಸ್ಸಿಲ್ಲ.

ಇಲ್ಲೇ ಒಂದು ಮಾತು ಸೇರಿಸಿಬಿಡುತ್ತೇನೆ. ‘ಕರಾರು’ ಮುರಿದರೆ ‘ತಕರಾರು’ ಎಂದು ಒಂದೇ ಬೇರಿನಿಂದ ಎರಡನ್ನೂ ಬಿಡಿಸುವವರಿದ್ದಾರೆ. ಕೇಳಲು ಚೆನ್ನಾಗಿದೆ, ಆದರೆ ಬೇರು ಬೇರೆ. ಮೊದಲನೆಯದಕ್ಕೆ ನೆಲೆ ನಿಲ್ಲುವುದು, ಗಟ್ಟಿಯಾಗುವುದು ಎಂಬ ಅರ್ಥ. ‘ತಕರಾರ್’ ಎಂದರೆ ಅರಬ್ಬಿಯಲ್ಲಿ ಮತ್ತೆ ಮತ್ತೆ ಹೇಳುವುದು. ಹೇಳಿದ್ದನ್ನೇ ಹೇಳುತ್ತಾ ಹೋಗಿ ಜಗಳದ ಅರ್ಥ ಬಂತು. ಅರಬ್ಬಿ ಲಿಪಿಯಲ್ಲಿ ಎರಡರ ‘ಕ’ಕಾರವೂ ಬೇರೆ ಬೇರೆ ಅಕ್ಷರ. ಕನ್ನಡದಲ್ಲಿ ಆ ವ್ಯತ್ಯಾಸ ಅಳಿಸಿಹೋಗಿದೆ.

ಈಗ ನಿಜವಾದ ತೊಡಕು. 1867-68ರಲ್ಲಿ ಜರ್ಮನಿಯ ಉದ್ಯಮಿಗಳಾದ ಸೀಮೆನ್ಸ್ ಸಹೋದರರು ಇನ್ನೊಂದು ತಂತಿಗೆ ಕೈಹಾಕಿದರು. ಲಂಡನ್‌ನಿಂದ ಎಮ್ಡೆನ್, ಬರ್ಲಿನ್, ವಾರ್ಸಾ, ಒಡೆಸ್ಸಾ, ಟಿಫ್ಲಿಸ್, ತಬ್ರೀಜ್ ಮೇಲೆ ಟೆಹ್ರಾನ್‌ವರೆಗೆ. 1870ರ ಏಪ್ರಿಲ್ 12ರಂದು ಲಂಡನ್ನಿನ ಸಂದೇಶ ಕಲ್ಕತ್ತೆಗೆ 28 ನಿಮಿಷದಲ್ಲಿ ಮುಟ್ಟಿತು. ಆರು ವಾರ ಎಲ್ಲಿ, ಅರ್ಧ ಗಂಟೆ ಎಲ್ಲಿ! ಆ ತಂತಿ 1931ರವರೆಗೆ ಕೆಲಸ ಮಾಡಿತು. ಇದಕ್ಕಾಗಿ ಪ್ರಷ್ಯಾ, ರಷ್ಯಾ, ಪರ್ಷಿಯಾ ಸರಕಾರಗಳಿಂದ ಪಡೆದದ್ದು ಕನ್ಸೆಷನ್. ಒಂದು ಕಡೆ ಸರಕಾರ, ಇನ್ನೊಂದು ಕಡೆ ಕಂಪನಿ. ಸರಕಾರ ತನ್ನ ನೆಲದಲ್ಲಿ ತಂತಿ ಎಳೆದು ನಡೆಸುವ ಹಕ್ಕನ್ನು ಕೊಡುತ್ತದೆ. ಕಂಪನಿ ಪಡೆಯುತ್ತದೆ. ಇಲ್ಲಿ ಇಬ್ಬರೂ ಸಮಾನರಲ್ಲ. ಕನ್ನಡದ ಪತ್ರಿಕೆಗಳಲ್ಲಿ ಇದಕ್ಕೆ ‘ರಿಯಾಯಿತಿ’ ಎಂದು ಬರೆದದ್ದನ್ನು ಕಂಡಿದ್ದೇನೆ. ಅದು ತಪ್ಪು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ರಿಯಾಯಿತಿ ಎಂದರೆ ಜವಳಿ ಅಂಗಡಿಯ ದರ ಕಡಿತ, ಇಲ್ಲ ರೈಲು ಟಿಕೆಟ್ಟಿನದು. ಶಹಾ ಯಾರಿಗೂ ದರ ಕಡಿಮೆ ಮಾಡಲಿಲ್ಲ.

‘ಪರವಾನಗಿ’ ಹತ್ತಿರ ಬರುತ್ತದೆ, ಆದರೆ ಸಣ್ಣದಾಯಿತು. ಬೀಡಿ ಅಂಗಡಿಗೂ ಪರವಾನಗಿ ಬೇಕು. ‘ಗುತ್ತಿಗೆ’ ಆಗಬಹುದು ಎಂದು ಗೆಳೆಯರೊಬ್ಬರು ಹೇಳಿದರು. ಹಳೆಯ ಅರ್ಥ ನೋಡಿದರೆ ಅವರು ಹೇಳುವುದರಲ್ಲಿ ಹುರುಳಿದೆ. ಶಾಸನಗಳಲ್ಲಿ ‘ಗುತ್ತಗೆ’ ಎಂದರೆ ಇಂತಿಷ್ಟು ಎಂದು ಗೊತ್ತುಮಾಡಿದ ಹಣಕ್ಕೆ ಭೂಮಿಯನ್ನೋ ಸುಂಕವನ್ನೋ ವಹಿಸಿಕೊಡುವುದು. ಈಗಿನ ಓದುಗರಿಗೆ ಮಾತ್ರ ಗುತ್ತಿಗೆ ಅಂದ ಕೂಡಲೇ ರಸ್ತೆ ಕಾಮಗಾರಿಯೋ ಗುತ್ತಿಗೆ ನೌಕರರೋ ಕಣ್ಣಮುಂದೆ ಬರುತ್ತಾರೆ. ಅಲ್ಲಿ ಸರಕಾರ ಹಣ ಕೊಟ್ಟು ಕೆಲಸ ಮಾಡಿಸುತ್ತದೆ. ಇಲ್ಲಿ ಕಂಪನಿಯೇ ಹಣ ಹಾಕಿತು. ಸದ್ಯಕ್ಕೆ ‘ಸನ್ನದು’ ಎಂದು ಬರೆದಿಟ್ಟಿದ್ದೇನೆ. ಮೇಲಿನವರು ಕೊಟ್ಟದ್ದು, ಬರಹದಲ್ಲಿ ಕೊಟ್ಟದ್ದು, ಹಿಂದಕ್ಕೆ ಪಡೆಯಲೂ ಆಗುವಂಥದ್ದು, ಇಷ್ಟೂ ಅದರಲ್ಲಿ ಬರುತ್ತದೆ. ಆದರೆ ಸನ್ನದು ಎಂದರೆ ವಕೀಲರ ನೆನಪು ಬರುತ್ತದಾ? ನಿಮಗೆ ಏನನ್ನಿಸುತ್ತದೆ?

ಮೂರನೆಯದು ಹಣದ ಮಾತು. 1868ರ ಏಪ್ರಿಲ್ 2ರಂದು ಇನ್ನೊಂದು ಕನ್ವೆನ್ಷನ್ ಆಯಿತು. ಅರಬ್ಬಿ ಸಮುದ್ರದ ಮಕ್ರಾನ್ ಕರಾವಳಿಯಲ್ಲಿ ಗ್ವಾದರ್‌ನಿಂದ ಜಾಸ್ಕ್ ಕಡೆಗೆ ತಂತಿ ಹೋಗಬೇಕು. ಅದಕ್ಕೆ ಬ್ರಿಟಿಷ್ ಸರಕಾರ ಪರ್ಷಿಯಾಕ್ಕೆ ವರ್ಷಕ್ಕೆ 3,000 ತುಮಾನ್ (ಪರ್ಷಿಯಾದ ನಾಣ್ಯ) ಕೊಡಬೇಕು. ಇದನ್ನು ನಾನು ಸುಮ್ನೆ ‘ಬಾಡಿಗೆ’ ಎಂದು ಬರೆದುಬಿಟ್ಟಿದ್ದೆ. ಆಮೇಲೆ ಎದೆ ಝಲ್ಲೆಂದಿತು. ಆ ಕರಾವಳಿ ಯಾರದ್ದು ಎಂಬುದೇ ಆಗ ತಕರಾರಿನಲ್ಲಿತ್ತು. ಪರ್ಷಿಯಾ ತನ್ನದೆಂದಿತು, ಕಲಾತಿನ ಖಾನ ತನ್ನದೆಂದ. ಬಾಡಿಗೆ ಎಂದರೆ ಜಾಗ ಪರ್ಷಿಯಾದ್ದೇ ಎಂದು ನಾನೇ ತೀರ್ಪು ಕೊಟ್ಟ ಹಾಗಾಯಿತು. ‘ಕಪ್ಪ’ ಎಂದರೆ ಬ್ರಿಟಿಷರು ಶಹಾನಿಗೆ ತಲೆಬಾಗಿದ ಹಾಗೆ. ‘ಸಹಾಯಧನ’ ಎಂದರೆ ಶಹಾ ಕೈಚಾಚಿದ ಹಾಗೆ. ಈ ತಂತಿಯ ಕಾರಣಕ್ಕೇ ಗಡಿ ಗೊತ್ತುಮಾಡುವ ಅಗತ್ಯ ಬಂದು, ತಂತಿಯ ಕೆಲಸ ನೋಡುತ್ತಿದ್ದ ಬ್ರಿಟಿಷ್ ಸೇನಾಧಿಕಾರಿ ಫ್ರೆಡರಿಕ್ ಗೋಲ್ಡ್‌ಸ್ಮಿಡ್ 1870ರ ದಶಕದ ಆರಂಭದಲ್ಲಿ ಆ ಗಡಿಯ ಕೆಲಸಕ್ಕೆ ಹೋದರು. ಕಂಬ ನೆಡಲು ಹೋದವರು ಕೊನೆಗೆ ದೇಶದ ಗಡಿಯನ್ನೇ ಎಳೆಯಬೇಕಾಯಿತು. ಇಂಥ ಕಡೆ ಒಂದು ಪದ ಆಚೀಚೆ ಆದರೂ ಅನುವಾದ ಯಾವುದೋ ಪಕ್ಷ ವಹಿಸಿಬಿಡುತ್ತದೆ.

ಅದಕ್ಕೇ ‘ಸಾಲಿಯಾನ’ ಎಂದು ತಿದ್ದಿದ್ದೇನೆ. ವರ್ಷಕ್ಕೊಮ್ಮೆ ಕೊಡುವ ಹಣ, ಅಷ್ಟೇ. ಯಾಕೆ ಎಂಬುದನ್ನು ಅದು ಹೇಳುವುದಿಲ್ಲ. ಇದೂ ಪಾರಸಿಯಿಂದಲೇ ಬಂದದ್ದು. ಲಾಸ್ ಬೇಲಾದ ಜಾಮನಿಗೆ ತಂತಿ ಕಾಯುವುದಕ್ಕೆ ವರ್ಷವರ್ಷ ಕೊಡುತ್ತಿದ್ದ ಹಣಕ್ಕೂ ಇದೇ ಪದ ಸಾಕಾಗುತ್ತದೆ ಅನ್ನಿಸುತ್ತದೆ. ಈಗಿನ ಹುಡುಗರಿಗೆ ಅರ್ಥವಾಗುತ್ತದಾ ಎಂಬುದೊಂದೇ ಅಳುಕು.

ಇನ್ನು ಅನೇಕ ದೇಶಗಳು ಒಟ್ಟಿಗೆ ಸೇರಿ ಮಾಡಿಕೊಂಡದ್ದು. ಅದಕ್ಕೂ ಮೊದಲು ಯುರೋಪಿನಲ್ಲಿ ಸಂದೇಶ ಗಡಿಯಲ್ಲಿ ನಿಂತುಬಿಡುತ್ತಿತ್ತು. ಸ್ಟ್ರಾಸ್‌ಬರ್ಗ್‌ನ ಜಂಟಿ ಕಚೇರಿಯಲ್ಲಿ ಫ್ರೆಂಚ್ ಗುಮಾಸ್ತ ಸಂದೇಶವನ್ನು ಬರೆದುಕೊಂಡು ಮೇಜಿನ ಆಚೆ ಕೂತ ಬಾಡೆನ್‌ನ (ಆಗಿನ ಒಂದು ಜರ್ಮನ್ ರಾಜ್ಯ) ಗುಮಾಸ್ತನ ಕೈಗೆ ಕೊಡುತ್ತಿದ್ದ. ಅವನು ಅದನ್ನು ಜರ್ಮನ್ನಿಗೆ ತಿರುಗಿಸಿ ಮುಂದಕ್ಕೆ ಕಳಿಸುತ್ತಿದ್ದ. 1865ರ ಮೇ 17ರಂದು ಪ್ಯಾರಿಸ್ಸಿನಲ್ಲಿ 20 ರಾಜ್ಯಗಳು ಸೇರಿ ಒಂದೇ ನಿಯಮಕ್ಕೆ ಸಹಿ ಹಾಕಿದವು. ಬ್ರಿಟನ್ನಿನ ತಂತಿ ಆಗ ಖಾಸಗಿ ಕಂಪನಿಗಳ ಕೈಯಲ್ಲಿದ್ದುದರಿಂದ ಅದು ಒಳಗಿರಲಿಲ್ಲ. ಇದಕ್ಕೆ ‘ಒಡಂಬಡಿಕೆ’ ಸರಿ ಎಂದು ನನ್ನ ಲೆಕ್ಕ. ಒಡಂಬಡುವುದು ಎಂದರೆ ಒಪ್ಪಿ ಜೊತೆಗೂಡುವುದು. ಹಳೆಯ ಒಡಂಬಡಿಕೆ, ಹೊಸ ಒಡಂಬಡಿಕೆ ಎಂದು ಬೈಬಲ್ಲಿನಿಂದ ಆ ಪದಕ್ಕೆ ಒಂದು ಗಾಂಭೀರ್ಯವೂ ಬಂದಿದೆ. ಅದು ಇಲ್ಲಿ ಅಡ್ಡಿಯಾಗಲಾರದು.

ಅದೇ ಒಡಂಬಡಿಕೆಯಲ್ಲಿ ದರದ ಎರಡು ಭಾಗಗಳಿವೆ. ಸಂದೇಶ ಹೊರಟ ದೇಶಕ್ಕೂ ಮುಟ್ಟಿದ ದೇಶಕ್ಕೂ ಸೇರುವ ಪಾಲು ಒಂದು. ನಡುವೆ ಸುಮ್ಮನೆ ಹಾದುಹೋಗುವ ದೇಶಕ್ಕೆ ಸೇರುವ ಪಾಲು ಇನ್ನೊಂದು. ಎರಡನೆಯದಕ್ಕೆ ‘ಹಾದಿಸುಂಕ’ ಎಂದು ಕಟ್ಟಿದ್ದೇನೆ. ನಿಘಂಟಿನಲ್ಲಿ ಹುಡುಕಿ ತಂದದ್ದಲ್ಲ. ಶಾಸನಗಳಲ್ಲಿ ‘ಹೆಜ್ಜುಂಕ’ ಇದೆಯಲ್ಲ, ಎತ್ತಿನ ಹೇರುಗಳ ಮೇಲೆ ಹಾಕುತ್ತಿದ್ದದ್ದು, ಅದರ ನೆನಪಿನಲ್ಲಿ ಮಾಡಿದೆ. ‘ಸಾಗಣೆ ಶುಲ್ಕ’ ಎಂದರೆ ಲಾರಿಯವರ ಬಿಲ್ಲಿನ ಹಾಗೆ ಕಾಣುತ್ತದೆ.

ಕಡೆಯದಾಗಿ ಬೀದರ್, ಕಲಬುರಗಿ, ರಾಯಚೂರು ಕಡೆಯವರಿಗೆ ಒಂದು ಕೋರಿಕೆ. ನಿಜಾಮರ ಕಾಲದ ಉರ್ದು ದಫ್ತರಿನ ಪದಗಳು ನಿಮ್ಮ ಮನೆಮಾತಿನಲ್ಲಿ ನಮಗಿಂತ ಜಾಸ್ತಿ ಉಳಿದಿವೆ, ಅಲ್ವಾ? ನಿಮ್ಮಲ್ಲಿ ‘ಕರಾರ್‌ನಾಮಾ’ಕ್ಕೂ ‘ಸನದ್’ಗೂ ಬಳಕೆಯಲ್ಲಿ ಏನು ವ್ಯತ್ಯಾಸ? ಜಮೀನಿನ ಹಳೆಯ ಕಾಗದಗಳು ಮನೆಯಲ್ಲಿದ್ದರೆ, ಸರಕಾರ ಒಬ್ಬ ಸಾಹುಕಾರನಿಗೆ ಹಕ್ಕು ಕೊಟ್ಟಾಗ ಯಾವ ಪದ ಬರೆದಿದ್ದಾರೆ ಎಂದು ದಯವಿಟ್ಟು ನೋಡಿ ಹೇಳಿ. ಹೆಸರು, ಸರ್ವೆ ನಂಬರು ಏನೂ ಬೇಡ. ಆ ಒಂದು ಪದ ಸಾಕು.