ಅಕ್ಕನ ಮಗುವಿಗೆ ಥಲಸ್ಸೀಮಿಯಾ, ನನಗೆ ದೊಡ್ಡ ಮಾವನ ಮಗನ ಜೊತೆ ಮಾತುಕತೆ: ಮುಂದುವರಿಯಬಹುದಾ?

ಪ್ರಶ್ನೆ (ಹಾಸನದ ಕಡೆಯವಳು, ಹೆಸರು ಬೇಡ):
ಮೇಡಂ, ನಮಸ್ತೆ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ. ನನ್ನ ಅಕ್ಕನನ್ನು ಅಮ್ಮನ ಕೊನೇ ತಮ್ಮನಿಗೇ, ಅಂದರೆ ನಮ್ಮ ಚಿಕ್ಕ ಮಾವನಿಗೇ ಕೊಟ್ಟಿದ್ದಾರೆ. ಅವರ ಮಗುವಿಗೆ ಈಗ ಮೂರು ವರ್ಷ. ಹುಟ್ಟಿದಾಗ ಗುಂಡುಗುಂಡಾಗಿ ಚೆನ್ನಾಗಿತ್ತು. ಎಂಟನೇ ತಿಂಗಳಿಗೆ ಬಿಳಿಚಿಕೊಂಡಿತು, ಹಾಲು ಬಿಟ್ಟಿತು, ಹೊಟ್ಟೆ ಮುಂದೆ ಬಂತು. ಥಲಸ್ಸೀಮಿಯಾ ಮೇಜರ್ ಅಂದರು, ಮೈಯಲ್ಲಿ ರಕ್ತವೇ ಸರಿಯಾಗಿ ತಯಾರಾಗದ ಕಾಯಿಲೆಯಂತೆ. ಆಗಿನಿಂದ ಮೂರು ವಾರಕ್ಕೊಮ್ಮೆ ರಕ್ತ ಹಾಕಿಸುತ್ತಿದ್ದೇವೆ. ಅಕ್ಕನ ಅತ್ತೆ ಅಂದರೆ ನಮ್ಮ ಅಜ್ಜಿಯೇ ಅಲ್ವಾ, ಅವರು "ನಮ್ಮ ವಂಶದಲ್ಲಿ ಇಂಥದ್ದು ಇಲ್ಲ, ಇದು ನಿಮ್ಮಪ್ಪನ ಕಡೆಯಿಂದ ಬಂದಿದ್ದು" ಅಂತ ದಿನಾ ಚುಚ್ಚುತ್ತಾರೆ. ಈಗ ನನಗೆ ದೊಡ್ಡ ಮಾವನ ಮಗನ ಜೊತೆ ಮಾತುಕತೆ ನಡೆದಿದೆ. ಅವನು ನನಗೂ ಇಷ್ಟವೇ. ಆದರೆ ಆ ಮಗುವಿನ ಕೈಗೆ ಸೂಜಿ ಹುಡುಕೋದು ನೋಡಿದಾಗೆಲ್ಲ ಭಯ ಆಗುತ್ತೆ. ಮದುವೆಯಾಗಬಹುದಾ?

ಉತ್ತರ (ಜೆನೆಟಿಕ್ ಕೌನ್ಸೆಲರ್):
ನಿಮ್ಮ ಮನೆಯವರನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡೆ. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ ಹಾಕುತ್ತೇವೆ. ಸಂಬಂಧದೊಳಗೇ ಮದುವೆಯಾದವರ ನಡುವೆ ಜೋಡಿಗೆರೆ. ನಿಮ್ಮ ಹಾಳೆಯಲ್ಲಿ ಈಗ ಒಂದು ಜೋಡಿಗೆರೆ ಇದೆ.

ಮೊದಲು ಅಜ್ಜಿಯ ಮಾತು. ಈ ಕಾಯಿಲೆ ಬರಬೇಕಾದರೆ ಮಗುವಿಗೆ ಅಪ್ಪನಿಂದ ಒಂದು, ಅಮ್ಮನಿಂದ ಒಂದು, ಹೀಗೆ ಒಂದೇ ಜೀನಿನ ಎರಡು ಕೆಟ್ಟ ಪ್ರತಿ ಸಿಗಬೇಕು. ಒಂದೇ ಇದ್ದರೆ ಅವರು ಕ್ಯಾರಿಯರ್ ಅಷ್ಟೆ, ರೋಗಿ ಅಲ್ಲ. ಜೀವನಪೂರ್ತಿ ಆರಾಮಾಗಿ ಇರುತ್ತಾರೆ. ಹಾಗಾಗಿ ನಿಮ್ಮ ಚಿಕ್ಕ ಮಾವ ಕ್ಯಾರಿಯರ್ ಅನ್ನೋದು ಖಚಿತ, ಅವರಿಗೆ ಅದು ಬಂದಿದ್ದು ಅಜ್ಜಿಯಿಂದ ಅಥವಾ ತಾತನಿಂದ. ಅಂದರೆ ಅರ್ಧ ಪಾಲು "ನಮ್ಮ ವಂಶ"ದ್ದೇ. ಇನ್ನರ್ಧ ಅಕ್ಕನಿಂದ ಬಂತು. ಅಕ್ಕನಿಗೆ ಬಹುಶಃ ನಿಮ್ಮ ಅಮ್ಮನ ಮೂಲಕ ಅದೇ ಮನೆಯಿಂದಲೇ ಬಂದಿದೆ, ಅಮ್ಮನ ರಕ್ತ ಪರೀಕ್ಷೆ ಮಾಡಿಸಿದರೆ ಗೊತ್ತಾಗುತ್ತೆ. ಇದನ್ನು ಅಜ್ಜಿಗೆ ತಿರುಗಿಸಿ ಹೊಡೆಯೋಕೆ ಬಳಸಬೇಡಿ. ಅವರೂ ಬೇಕು ಅಂತ ಕೊಟ್ಟಿದ್ದಲ್ಲ.

ಈಗ ನಿಮ್ಮದು. ಅಮ್ಮ ಕ್ಯಾರಿಯರ್ ಅಂತಲೇ ಇಟ್ಟುಕೊಂಡರೆ ನೀವು ಕ್ಯಾರಿಯರ್ ಆಗಿರುವ ಸಾಧ್ಯತೆ ಎರಡರಲ್ಲಿ ಒಂದು. ದೊಡ್ಡ ಮಾವನದೂ ಎರಡರಲ್ಲಿ ಒಂದು, ಅವರ ಮಗನದು ನಾಲ್ಕರಲ್ಲಿ ಒಂದು. ಇಬ್ಬರೂ ಕ್ಯಾರಿಯರ್ ಆಗಿರೋದು ಎಂಟರಲ್ಲಿ ಒಂದು. ಆದರೆ ಈ ಲೆಕ್ಕ ಇಟ್ಟುಕೊಂಡು ನಿದ್ದೆ ಕೆಡಿಸಿಕೊಳ್ಳಬೇಡಿ, ಒಂದು ರಕ್ತ ಪರೀಕ್ಷೆಯಲ್ಲಿ ಮುಗಿಯುವ ವಿಷಯ ಇದು. ರಕ್ತಕಣ ಎಣಿಸುವ ಸಿಬಿಸಿ ಮತ್ತು ಹಿಮೋಗ್ಲೋಬಿನ್‌ನ ಬಗೆಗಳನ್ನು ಅಳೆಯುವ ಎಚ್‌ಪಿಎಲ್‌ಸಿ ಮಾಡಿಸಿ. ಹಿಮೋಗ್ಲೋಬಿನ್ ಎ2 ಅನ್ನೋದು ಶೇಕಡಾ 3.5ಕ್ಕಿಂತ ಜಾಸ್ತಿ ಬಂದು, ಎಂಸಿವಿ ಅಂದರೆ ಕೆಂಪು ರಕ್ತಕಣದ ಗಾತ್ರ ಸಣ್ಣಗಿದ್ದರೆ ಸಾಮಾನ್ಯವಾಗಿ ಕ್ಯಾರಿಯರ್. ಕಬ್ಬಿಣದ ಕೊರತೆ ತುಂಬಾ ಇದ್ದರೆ ಎ2 ಸುಳ್ಳಾಗಿ ಕಡಿಮೆ ತೋರಿಸಬಹುದು, ಅದಕ್ಕೆ ಫೆರಿಟಿನ್, ಅಂದರೆ ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ, ಅದನ್ನೂ ನೋಡಿಸಿ. ಇಬ್ಬರೂ ಮಾಡಿಸಬೇಕು, ನೀವೊಬ್ಬರೇ ಅಲ್ಲ. ಹುಡುಗಿ ಒಬ್ಬಳನ್ನೇ ಲ್ಯಾಬಿಗೆ ಕಳಿಸುವ ಮನೆಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ, ಸಿಟ್ಟು ಬರುತ್ತೆ.

ನಡುವೆ ಗುಂಪಿನ ಇನ್ನೊಬ್ಬರು:
ನಮ್ಮ ತಾತ ಅಕ್ಕನ ಮಗಳನ್ನೇ ಮದುವೆಯಾದರು. ಏಳು ಮಕ್ಕಳು, ಎಲ್ಲರೂ ಗಟ್ಟಿಮುಟ್ಟು. ನೀವೆಲ್ಲ ಸುಮ್ನೆ ಹೆದರಿಸ್ತೀರಿ.

ಉತ್ತರ:
ಸಂತೋಷ ಸರ್, ನಿಜವಾಗಿಯೂ. ಕರ್ನಾಟಕದಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದು ಮದುವೆ ಸಂಬಂಧದೊಳಗೇ ಆಗುತ್ತೆ, ಬಹುಪಾಲು ಮಕ್ಕಳು ಚೆನ್ನಾಗೇ ಇರುತ್ತಾರೆ. ಯಾವ ಮದುವೆಯಲ್ಲಾದರೂ ನೂರು ಮಕ್ಕಳಲ್ಲಿ ಎರಡು ಮೂರು ಮಕ್ಕಳಿಗೆ ಏನಾದರೂ ಹುಟ್ಟುದೋಷ ಇರುತ್ತೆ, ಸೋದರತ್ತೆ, ಸೋದರಮಾವಂದಿರ ಮಕ್ಕಳ ಜೊತೆಗಿನ ಮದುವೆಯಲ್ಲಿ ಅದು ಸುಮಾರು ಎರಡು ಪಟ್ಟು. ಸೋದರಮಾವನ ಜೊತೆ ಆದರೆ ಇನ್ನೂ ಜಾಸ್ತಿ, ಯಾಕಂದರೆ ಸೋದರಮಾವ ಮತ್ತು ಅಕ್ಕನ ಮಗಳ ನಡುವೆ ಕಾಲು ಭಾಗ ಜೀನ್ ಒಂದೇ, ಮಾವನ ಮಗನ ಜೊತೆಗಾದರೆ ಎಂಟನೇ ಒಂದು ಭಾಗ. ಕೆಟ್ಟ ಜೀನ್ ಮನೆಯಲ್ಲಿ ಇಲ್ಲದಿದ್ದರೆ ಸಂಬಂಧ ಅದನ್ನು ಹುಟ್ಟಿಸಲ್ಲ. ಇದ್ದರೆ ಎರಡು ಪ್ರತಿ ಒಂದೇ ಕಡೆ ಸೇರಿಸುತ್ತೆ. ನಿಮ್ಮ ತಾತನ ಮನೆಯಲ್ಲಿ ಇರಲಿಲ್ಲ, ಅಥವಾ ಸೇರಲಿಲ್ಲ. ಈ ತಂಗಿಯ ಮನೆಯಲ್ಲಿ ಇದೆ ಅಂತ ಗೊತ್ತಾಗಿದೆ, ವ್ಯತ್ಯಾಸ ಅಷ್ಟೇ.

ಮತ್ತೊಬ್ಬರ ಪ್ರಶ್ನೆ:
ಹೊರಗಿನ ಗಂಡು ನೋಡಿದರೆ ಪರೀಕ್ಷೆಯೇ ಬೇಡ ಅಲ್ವಾ ಮೇಡಂ? ಕ್ಯಾರಿಯರ್ ಅಂತ ಗಂಡಿನ ಕಡೆಗೆ ಹೇಳಿದರೆ ಯಾರು ಒಪ್ಪುತ್ತಾರೆ?

ಉತ್ತರ:
ಬೇಕು. ನಮ್ಮ ದೇಶದಲ್ಲಿ ನೂರಕ್ಕೆ ಮೂರು ನಾಲ್ಕು ಜನ ಇದೇ ಕಾಯಿಲೆಯ, ಅಂದರೆ ಬೀಟಾ ಥಲಸ್ಸೀಮಿಯಾದ, ಕ್ಯಾರಿಯರ್, ಕೆಲವು ಸಮುದಾಯಗಳಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ. ಹೊರಗಿನ ಗಂಡಿನ ಹಣೆಯ ಮೇಲೂ ಬರೆದಿರಲ್ಲ.

ಹೇಳೋದರ ಬಗ್ಗೆ: ನಿಮ್ಮ ರಿಪೋರ್ಟ್ ನಿಮ್ಮದು. ನೀವು ಒಪ್ಪದೆ ನಾನು ನಿಮ್ಮ ಅಪ್ಪನಿಗೂ ಹೇಳಲ್ಲ. ಆದರೆ ನನ್ನನ್ನು ಕೇಳಿದರೆ, ಮದುವೆಯಾಗುವವನಿಗೆ ಹೇಳಿ. ಊರಿಗೆಲ್ಲ ಅಲ್ಲ, ಅವನಿಗೆ. ಜಾತಕ ಕೊಡುವ ಹೊತ್ತಿಗೇ ಅಲ್ಲ, ಮಾತು ಗಟ್ಟಿಯಾಗುವ ಮುಂಚೆ. ಸೈಪ್ರಸ್‌ನಲ್ಲಿ ಚರ್ಚಿನವರೇ ಮದುವೆಗೆ ಮುಂಚೆ ಪರೀಕ್ಷೆಯ ಸರ್ಟಿಫಿಕೇಟ್ ಕೇಳುವ ಪದ್ಧತಿ ತಂದರು. ಅದರಲ್ಲಿ ಫಲಿತಾಂಶ ಇರಲ್ಲ, ಇಬ್ಬರೂ ಪರೀಕ್ಷೆ ಮಾಡಿಸಿಕೊಂಡಿದ್ದಾರೆ, ಸಲಹೆ ಪಡೆದಿದ್ದಾರೆ ಅಂತ ಮಾತ್ರ. ಹೆಚ್ಚಿನ ಜೋಡಿಗಳು ಮದುವೆ ಮುರಿದುಕೊಳ್ಳಲೂ ಇಲ್ಲ, ಗರ್ಭದಲ್ಲಿ ಪರೀಕ್ಷೆ ಮಾಡಿಸಿಕೊಂಡರು. ಅಲ್ಲಿ ಈ ಕಾಯಿಲೆಯ ಮಕ್ಕಳು ಹುಟ್ಟೋದು ಬಹುತೇಕ ನಿಂತಿತು. ನಮ್ಮಲ್ಲಿ ಅದೇ ಸರ್ಟಿಫಿಕೇಟ್ ತಂದರೆ ಹುಡುಗಿಯರಿಗೆ ಮಾತ್ರ ಉರುಳಾಗುತ್ತೋ ಅನ್ನೋ ಅಳುಕು ನನಗಿದೆ.

ಮೊದಲ ಪ್ರಶ್ನೆ ಕೇಳಿದವರು:
ಮೇಡಂ, ಒಂದು ವಿಷಯ ಬಿಟ್ಟಿದ್ದೆ. ಅಕ್ಕನಿಗೆ ಈಗ ಒಂಬತ್ತು ವಾರ. ಎರಡನೇ ಮಗು ಹೊಂದಿಕೆಯಾದರೆ ಮೊದಲನೆಯದಕ್ಕೆ ಅಸ್ಥಿಮಜ್ಜೆ, ಅಂದರೆ ಮೂಳೆಯೊಳಗೆ ರಕ್ತ ತಯಾರಿಸುವ ಭಾಗ, ಕೊಡಿಸಬಹುದು ಅಂತ ಯಾರೋ ಹೇಳಿದ್ದಾರೆ, ಆ ಆಸೆಯೂ ಇದೆ. ಅಜ್ಜಿ ಯಾವ ಪರೀಕ್ಷೆಯೂ ಬೇಡ ಅಂತಾರೆ. ಜೀನ್ ಎಡಿಟಿಂಗ್ ಅಂತ ಬಂದಿದೆಯಂತಲ್ಲ, ಅದು?

ಉತ್ತರ:
ಇದನ್ನು ಮೊದಲೇ ಹೇಳಬೇಕಿತ್ತು ನೀವು! ಒಂಬತ್ತು ವಾರ ಅಂದರೆ ಸಮಯ ಇದೆ, ಆದರೆ ಜಾಸ್ತಿ ಇಲ್ಲ. 11ರಿಂದ 14 ವಾರದೊಳಗೆ ಮಾಸಿನ ಸಣ್ಣ ಚೂರು ತೆಗೆದು ನೋಡಬಹುದು, ತಪ್ಪಿದರೆ 16ನೇ ವಾರದ ಹೊತ್ತಿಗೆ ಗರ್ಭದ ನೀರು ತೆಗೆದು ನೋಡಬಹುದು. ಅದಕ್ಕೂ ಮುಂಚೆ ಅಕ್ಕ ಮತ್ತು ಚಿಕ್ಕ ಮಾವನ ಡಿಎನ್‌ಎಯಲ್ಲಿ ಯಾವ ಜಾಗದಲ್ಲಿ ದೋಷ ಇದೆ ಅಂತ ಗೊತ್ತಿರಬೇಕು, ಆ ರಿಪೋರ್ಟ್‌ಗೇ ದಿನ ಹಿಡಿಯುತ್ತೆ. ಹಾಗಾಗಿ ಈ ವಾರವೇ ಹೊರಡಲಿ. ಭ್ರೂಣದ ಲಿಂಗ ಪತ್ತೆ ತಡೆಯುವ 1994ರ ಕಾಯಿದೆಯಂತೆ ನೋಂದಾಯಿತ ಕೇಂದ್ರದಲ್ಲೇ ಮಾಡಬೇಕು, ಸಹಿ ಅಕ್ಕನದೇ ಬೇಕು, ಗಂಡೋ ಹೆಣ್ಣೋ ಯಾರೂ ಹೇಳುವಂತಿಲ್ಲ. ಕೇಳಲೂ ಬೇಡಿ.

ಪರೀಕ್ಷೆ ಮಾಡಿಸಿದರೆ ಗರ್ಭ ತೆಗೆಸಲೇಬೇಕು ಅಂತೇನೂ ಇಲ್ಲ. ಕೆಲವರು ತೆಗೆಸುತ್ತಾರೆ, ಕೆಲವರು ಗೊತ್ತಿದ್ದೇ ಮುಂದುವರಿಸುತ್ತಾರೆ. ಎರಡೂ ಥರದವರ ಮುಂದೆ ಕೂತಿದ್ದೇನೆ, ಯಾರಿಗೂ ಹೀಗೇ ಮಾಡಿ ಅಂದಿಲ್ಲ. ಅಜ್ಜಿಗೆ ಕೂತು ತಿಳಿಸಿ ಹೇಳೋಣ, ಆದರೆ ನಿರ್ಧಾರ ಅವರದಲ್ಲ.

ಮಜ್ಜೆಯ ವಿಷಯ. ಎರಡನೇ ಮಗುವಿಗೆ ಕಾಯಿಲೆ ಇಲ್ಲದಿರೋ ಸಾಧ್ಯತೆ ನಾಲ್ಕರಲ್ಲಿ ಮೂರು, ಹೊಂದಿಕೆಯಾಗೋದು ಸುಮಾರು ನಾಲ್ಕರಲ್ಲಿ ಒಂದು. ಎರಡೂ ಒಟ್ಟಿಗೆ ಅಂದರೆ ಐದರಲ್ಲಿ ಒಂದಕ್ಕಿಂತ ಕಡಿಮೆ. ಕ್ಯಾರಿಯರ್ ಆಗಿದ್ದರೂ ಮಜ್ಜೆ ಕೊಡಬಹುದು, ಅದು ಒಳ್ಳೇದು. ಐವಿಎಫ್‌ನಲ್ಲಿ ಹೊಂದುವ ಭ್ರೂಣವನ್ನೇ ಆರಿಸಿ, ಹುಟ್ಟಿದ ತಂಗಿಯಿಂದ 2020ರಲ್ಲಿ ಅಹಮದಾಬಾದ್‌ನಲ್ಲಿ ಅಣ್ಣನಿಗೆ ಮಜ್ಜೆ ಹಾಕಿದ್ದೂ ಇದೆ. ಆ ಅಣ್ಣನ ಮುಖ ನೋಡಿದರೆ ತಪ್ಪು ಅನ್ನೋಕೆ ಬಾಯಿ ಬರಲ್ಲ. ಆದರೂ ಒಂದು ಮಾತು: ಹೊಂದಿಕೆಯಾಗದಿದ್ದರೆ ಈ ಮಗು ಮನೆಯಲ್ಲಿ "ಉಪಯೋಗಕ್ಕೆ ಬಾರದ್ದು" ಆಗಬಾರದು. ಇದನ್ನು ಅಕ್ಕನ ಜೊತೆ ಈಗಲೇ ಮಾತಾಡಿ.

ಜೀನ್ ಎಡಿಟಿಂಗ್ ನಿಜ. 2023ರ ನವೆಂಬರ್‌ನಲ್ಲಿ ಬ್ರಿಟನ್ ಇದೇ ಕಾಯಿಲೆಗೆ ಕ್ರಿಸ್ಪರ್ ಅನ್ನೋ ಜೀನ್ ತಿದ್ದುವ ವಿಧಾನದ ಚಿಕಿತ್ಸೆಗೆ ಒಪ್ಪಿಗೆ ಕೊಟ್ಟಿತು, 12 ವರ್ಷ ಮೇಲ್ಪಟ್ಟವರಿಗೆ. ನಿಮ್ಮ ಮಗು ಮೊದಲ ತಿಂಗಳುಗಳಲ್ಲಿ ಗುಂಡುಗುಂಡಾಗಿತ್ತು ಅಂದಿರಲ್ಲ, ಅದು ಹೊಟ್ಟೆಯಲ್ಲಿದ್ದಾಗಿನ ಹಿಮೋಗ್ಲೋಬಿನ್ ಕಾಪಾಡಿದ್ದು. ಆಮೇಲೆ ಅದರ ಸ್ವಿಚ್ ಆಫ್ ಆಗುತ್ತೆ. ಈ ಚಿಕಿತ್ಸೆ ಆ ಸ್ವಿಚ್ ಮತ್ತೆ ಹಾಕುತ್ತೆ. ಅಮೆರಿಕದಲ್ಲಿ ಬೆಲೆ 22 ಲಕ್ಷ ಡಾಲರ್, ರೂಪಾಯಿ ಅಲ್ಲ. 2018ರಲ್ಲಿ ಚೀನಾದ ವಿಜ್ಞಾನಿ ಹ ಜ್ಯಾನ್‌ಕ್ವೇ ಭ್ರೂಣಗಳನ್ನೇ ತಿದ್ದಿ ಅವಳಿ ಹೆಣ್ಣುಮಕ್ಕಳನ್ನು ಹುಟ್ಟಿಸಿ ಜೈಲಿಗೆ ಹೋದದ್ದು ಬೇರೆ ವಿಷಯ. ಅಲ್ಲಿ ತಿದ್ದಿದ್ದು ಮಕ್ಕಳು ಮೊಮ್ಮಕ್ಕಳಿಗೂ ಹೋಗುತ್ತೆ, ಅವರನ್ನು ಯಾರೂ ಕೇಳಿರಲ್ಲ.

ಮೊದಲ ಪ್ರಶ್ನೆ ಕೇಳಿದವರು (ಹನ್ನೆರಡು ದಿನದ ನಂತರ):
ಅಕ್ಕ ಭಾವ ಬೆಂಗಳೂರಿಗೆ ಹೋಗಿ ರಕ್ತ ಕೊಟ್ಟು ಬಂದರು. ನಮ್ಮದು ಬಂತು. ನನ್ನದು ಎ2 5.3, ಎಂಸಿವಿ 64. ಅಮ್ಮನದೂ ಹೆಚ್ಚುಕಡಿಮೆ ಹಾಗೇ ಇದೆ. ಅವನದು 2.6, ಎಂಸಿವಿ 86, ಫೆರಿಟಿನ್ ಸರಿ ಇದೆ. ಅಜ್ಜಿ ರಿಪೋರ್ಟ್ ಕೈಯಲ್ಲಿ ಹಿಡಿದು ತುಂಬಾ ಹೊತ್ತು ಕೂತಿದ್ದರು, ಏನೂ ಅನ್ನಲಿಲ್ಲ.

ಉತ್ತರ:
ನೀವು ಕ್ಯಾರಿಯರ್, ಅವನಲ್ಲ. ಹಾಗಾಗಿ ನಿಮ್ಮಿಬ್ಬರ ಮಕ್ಕಳಿಗೆ ಥಲಸ್ಸೀಮಿಯಾ ಮೇಜರ್‌ನ ಭಯ ಬೇಡ, ಹೆಚ್ಚೆಂದರೆ ನಿಮ್ಮ ಹಾಗೆ ಕ್ಯಾರಿಯರ್ ಆಗಬಹುದು. ಸಂಬಂಧದೊಳಗಿನ ಮದುವೆಗೆ ಇರುವ ಉಳಿದ ರಿಸ್ಕ್ ಹಾಗೇ ಇರುತ್ತೆ, ಅದನ್ನು ಈ ಪರೀಕ್ಷೆ ಹೇಳಲ್ಲ. ಇಬ್ಬರೂ ಒಮ್ಮೆ ಬನ್ನಿ, ಕೂತು ಮಾತಾಡೋಣ. ಮತ್ತೆ, ಸುಸ್ತು ಅಂತ ಯಾರಾದರೂ ಕಬ್ಬಿಣದ ಮಾತ್ರೆ ಬರೆದುಕೊಟ್ಟರೆ, ಫೆರಿಟಿನ್ ನೋಡದೆ ನುಂಗಬೇಡಿ. ಅಕ್ಕನ ಡಿಎನ್‌ಎ ರಿಪೋರ್ಟ್ ಬಂದ ದಿನವೇ ಫೋಟೋ ತೆಗೆದು ನನಗೆ ಕಳಿಸಿ, ಗುಂಪಿಗೆ ಹಾಕಬೇಡಿ.