ಚಿಕ್ಕಮ್ಮ, ಅಪ್ಪನ ಆ ಫೋಟೋ ವಿಷಯ

ಚಿಕ್ಕಮ್ಮ, ನಿಮ್ಮ ಮೆಸೇಜು ಬೆಳಿಗ್ಗೆಯೇ ನೋಡಿದೆ. ಅವಸರದಲ್ಲಿ ಎರಡು ಮಾತು ಬರೆದು ಮುಗಿಸುವುದು ಬೇಡ, ಕೆಲಸ ಎಲ್ಲ ಆದ ಮೇಲೆ ನಿಧಾನವಾಗಿ ಹೇಳೋಣ ಅಂತ ಈಗ ಕೂತಿದ್ದೇನೆ. ಉದ್ದ ಆಗುತ್ತದೆ. ಪೂರ್ತಿ ಕೇಳಿ.

ನಿನ್ನೆ ಭಾನುವಾರ ಗ್ರೂಪಿಗೆ ಹಾಕಿದ ಫೋಟೋದಲ್ಲಿ ಅಪ್ಪ ಬರ್ಗರ್ ಹಿಡಿದು ಕೂತಿದ್ದಾರೆ, ಹಿಂದೆ ಬಾಟಲಿ ಜೋಡಿಸಿದ ಗೂಡು ಕಾಣುತ್ತದೆ. ಅದನ್ನು ನೋಡಿ ನಿಮಗೆ ಗಾಬರಿ ಆಗಿದೆ. 75 ವರ್ಷದ, ಬಿ.ಪಿ. ಇರುವ ಮನುಷ್ಯನನ್ನು ಬಾರಿಗೆ ಕರೆದುಕೊಂಡು ಹೋಗೋದಾ ಅಂತ ಕೇಳಿದ್ದೀರಿ. ಹ್ಯಾಂಬರ್ಗರ್ ಅಂದರೆ ಹಂದಿ ಮಾಂಸ ಅಲ್ವಾ, ಜನ ನೋಡಿದರೆ ಏನಂದಾರು ಅಂತಲೂ ಕೇಳಿದ್ದೀರಿ. ಮೈಸೂರಿನಿಂದ ಅಣ್ಣನೂ ನಿಮ್ಮ ಮಾತಿಗೆ ಹೂಂಗುಟ್ಟಿದ್ದಾನೆ. ನೀವು ಕೇಳಿದ್ದು ಅಪ್ಪನ ಮೇಲಿನ ಅಕ್ಕರೆಯಿಂದ. ಅದು ನನಗೆ ಗೊತ್ತು.

ಆದರೆ ಅಪ್ಪ ಈ ಎರಡು ವರ್ಷ ಹೇಗಿದ್ದಾರೆ ಅಂತ ನೀವೂ ನೋಡಿದ್ದೀರಿ. ಅಮ್ಮ ಹೋದ ಮೇಲೆ ದೇವಸ್ಥಾನ, ಡಾಕ್ಟರು, ಮನೆ, ಇಷ್ಟೇ. ಹನ್ನೆರಡೂವರೆಗೆ ಒಬ್ಬರೇ ಮುದ್ದೆ ಉಂಡು ರೂಮಿಗೆ ಹೋಗಿಬಿಡುತ್ತಾರೆ. ನಾವು ಊಟಕ್ಕೆ ಕೂರುವ ಹೊತ್ತಿಗೆ ಅವರ ತಟ್ಟೆ ತೊಳೆದಿಟ್ಟಿರುತ್ತದೆ. ಮದುವೆಗೂ ಬರಲ್ಲ, ನಾಮಕರಣಕ್ಕೂ ಬರಲ್ಲ. ನಿನ್ನೆ ಮಗಳು ಹೋಗಿ, "ತಾತ, ಬರ್ಗರ್ ತಿನ್ನೋಣ ಬನ್ನಿ" ಅಂದಳು. ಬರಲ್ಲ ಅಂತಾರೆ ಅಂದುಕೊಂಡು ನಾನು ಅಕ್ಕಿ ತೊಳೆಯುತ್ತಿದ್ದೆ. ತಿರುಗಿ ನೋಡಿದರೆ ಇಸ್ತ್ರಿ ಮಾಡಿದ ಬಿಳಿ ಶರ್ಟು, ಪಂಚೆ, ಹೆಗಲ ಮೇಲೆ ಟವೆಲ್ಲು. ಬಾಗಿಲ ಹತ್ತಿರ ಚಪ್ಪಲಿ ಮೆಟ್ಟಿಕೊಂಡು ನಿಂತಿದ್ದರು. ಆಗ ನಾನು ಬೇರೆ ಹೋಟೆಲಿಗೆ ಹೋಗೋಣ ಅಂತ ಹೇಗೆ ಹೇಳಲಿ ಚಿಕ್ಕಮ್ಮ?

ಶ್ರಾವಣವೂ ಮುಗಿದಿತ್ತು, ಗಣೇಶನ ಹಬ್ಬವೂ ಆಗಿತ್ತು. ಆ ಲೆಕ್ಕದಲ್ಲಿ ಏನೂ ತಪ್ಪಿಲ್ಲ.

ಜಾಗದ ವಿಷಯ ಹೇಳುತ್ತೇನೆ. ಅದೊಂದು ಪಬ್, ಇಲ್ಲೇ ಹಾಸನದ ಸಾಲಗಾಮೆ ರಸ್ತೆ ಕಡೆ, ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರ. ನೀವು ಅಂದುಕೊಂಡಿರುವ ಹಾಗೆ ಕತ್ತಲೆ ಕೋಣೆ, ಹೊಗೆ, ಕೂಗಾಟ ಏನಿಲ್ಲ. ದೊಡ್ಡ ಕಿಟಕಿ, ಮಧ್ಯಾಹ್ನದ ಬೆಳಕು. ಒಂದು ಟೇಬಲಿನಲ್ಲಿ ಗಂಡ ಹೆಂಡತಿ, ತೊಡೆ ಮೇಲೆ ಕೂಸು. ಇನ್ನೊಂದರಲ್ಲಿ ನಾಲ್ಕು ಜನ ಕ್ರಿಕೆಟ್ ನೋಡುತ್ತಿದ್ದರು. ನಮ್ಮ ಬೀದಿಯ ಮೇಷ್ಟ್ರು ಮನೆಯವರ ಜೊತೆ ಮೀನು ತಿನ್ನುತ್ತಿದ್ದರು, ಅಪ್ಪನಿಗೆ ನಮಸ್ಕಾರ ಹೇಳಿ ಹೋದರು. ಜನ ಅಂದದ್ದು ಅಷ್ಟೇ. ಪಬ್ ಅನ್ನೋದು ಇಂಗ್ಲಿಷಿನ ಪಬ್ಲಿಕ್ ಹೌಸ್ ಅನ್ನೋದರ ಮೊಟಕು. ಊರವರು ಬಂದು ಕೂರುವ ಮನೆ. ನಮ್ಮೂರಿನ ಅರಳಿಕಟ್ಟೆಗೆ ಸೂರು ಹಾಕಿ ಊಟ ಇಟ್ಟ ಹಾಗೆ ಅಂತ ಇಟ್ಟುಕೊಳ್ಳಿ. ಅಪ್ಪ ಕುಡಿದದ್ದು ನಿಂಬೆ ಸೋಡಾ, ಅದೂ ಉಪ್ಪಿಲ್ಲದ್ದು.

ಹ್ಯಾಂಬರ್ಗರ್‌ಗೂ ಹಂದಿಗೂ ಸಂಬಂಧ ಇಲ್ಲ. ಜರ್ಮನಿಯಲ್ಲಿ ಹ್ಯಾಂಬರ್ಗ್ ಅಂತ ಒಂದು ಊರಿದೆ, ಹೆಸರು ಅಲ್ಲಿಂದ ಬಂದದ್ದು. ಮದ್ದೂರು ವಡೆ ಅಂತೀವಲ್ಲ, ಹಾಗೆ. 1996ರಲ್ಲಿ ಮೆಕ್‌ಡೊನಾಲ್ಡ್ಸ್ ನಮ್ಮ ದೇಶಕ್ಕೆ ಬಂದಾಗಲೂ ದನದ್ದು, ಹಂದಿಯದು ಎರಡೂ ಇಡಲಿಲ್ಲ. ನಾವು ತೆಗೆದುಕೊಂಡದ್ದು ಮಟನ್ ಕೈಮದ್ದು.

ಮೆನು ಪೂರ್ತಿ ಇಂಗ್ಲಿಷಿನಲ್ಲಿತ್ತು. ಆರ್ಡರ್ ತೆಗೆದುಕೊಳ್ಳಲು ಬಂದ ಹುಡುಗ ಹೊಳೆನರಸೀಪುರದ ಕಡೆಯವನು. ಅಪ್ಪ ಕನ್ನಡಕ ಹುಡುಕುತ್ತಿದ್ದದ್ದು ನೋಡಿ, ಪಕ್ಕದಲ್ಲಿ ಬಗ್ಗಿ ನಿಂತು ಒಂದೊಂದೇ ಕನ್ನಡದಲ್ಲಿ ಓದಿ ಹೇಳಿದ. ನಾನು ಬಿ.ಪಿ. ವಿಷಯ ಹೇಳಿದೆ. ಚೀಸ್ ಬೇಡ, ಉಪ್ಪಿನಕಾಯಿ ಬೇಡ, ಆಲೂಗೆಡ್ಡೆಗೆ ಉಪ್ಪು ಉದುರಿಸಬೇಡಿ ಅಂದೆ. ದಿನಕ್ಕೆ ಒಟ್ಟು 5 ಗ್ರಾಂ ಉಪ್ಪಿನ ಒಳಗೇ ಇರಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ, ಅದು ಒಂದು ಟೀ ಚಮಚದಷ್ಟು. ಮಾಂಸ ಒಳಗಿನ ತನಕ ಬೇಯಲಿ ಅಂತಲೂ ಹೇಳಿದೆ. ಇದು ನೀವೂ ತಿಳಿದುಕೊಳ್ಳಿ ಚಿಕ್ಕಮ್ಮ. ಇಡೀ ತುಂಡಿನಲ್ಲಿ ಕ್ರಿಮಿ ಇದ್ದರೆ ಜಾಸ್ತಿ ಹೊರಮೈಯಲ್ಲೇ ಇರುತ್ತದೆ, ಬಿಸಿ ತಾಗಿದ ಕೂಡಲೇ ಸಾಯುತ್ತದೆ. ಕೊಚ್ಚಿದರೆ ಹೊರಗಿನದು ಒಳಗೆ ಸೇರುತ್ತದೆ. ಅದಕ್ಕೇ ಕೈಮ ನಡುವಿನಲ್ಲಿ 71 ಡಿಗ್ರಿ ಮುಟ್ಟಬೇಕು, ಕೋಳಿಯದಾದರೆ 74. ಹುಡುಗ ಒಂದಕ್ಕೂ ಮುಖ ಸಿಂಡರಿಸಲಿಲ್ಲ. ಅಪ್ಪನದು ಹಲ್ಲು ಸೆಟ್ಟು ಅಂತ ನಾನು ಹೇಳಿಯೂ ಇರಲಿಲ್ಲ, ಅವನೇ ಬರ್ಗರನ್ನು ಎರಡು ಭಾಗ ಮಾಡಿಸಿ ತಂದಿಟ್ಟ. ಫೋಟೋದಲ್ಲಿ ಅಪ್ಪನ ಕೈಯಲ್ಲಿ ಇರುವುದು ಆ ಅರ್ಧ.

ಬನ್ನಿನ ಒಳಮೈಗೆ ಬೆಣ್ಣೆ ಸವರಿ ಕಾವಲಿ ಮೇಲೆ ಕೆಂಪಗೆ ಕಾಯಿಸಿದ್ದರು. ಹಾಗೆ ಮಾಡಿದರೆ ಮಾಂಸದ ರಸ ಇಳಿದು ಬನ್ನು ಬೇಗ ಒದ್ದೆ ಆಗುವುದಿಲ್ಲ. ಮೇಲೆ ಒಂದು ಬಿಲ್ಲೆ ಈರುಳ್ಳಿ, ಒಂದು ಎಲೆ ಕೋಸು. ಅಪ್ಪ ಮೊದಲನೇ ತುತ್ತು ನಿಧಾನವಾಗಿ ಅಗಿದರು. ಅರ್ಧಕ್ಕೆ ನಿಲ್ಲಿಸಿದರು. ನನಗೆ ಎದೆ ಧಸಕ್ಕೆಂದಿತು. ಆಮೇಲೆ ಅಂದರು, "ಇದು ನಿಮ್ಮಮ್ಮನ ಕೈಮ ಉಂಡೆ ಕಣೆ. ತಟ್ಟಿ ಚಪ್ಪಟೆ ಮಾಡವ್ರೆ ಅಷ್ಟೆ."

ಚಿಕ್ಕಮ್ಮ, ಎರಡು ವರ್ಷದಲ್ಲಿ ಅಪ್ಪನ ಬಾಯಲ್ಲಿ ಅಮ್ಮನ ಅಡುಗೆ ಮಾತು ಬಂದದ್ದು ಅದೇ ಮೊದಲು. ಅಮ್ಮ ಹುರಿಗಡಲೆ ಪುಡಿ ಎಷ್ಟು ಹಾಕುತ್ತಿದ್ದಳು, ಉಂಡೆ ಒಡೆಯಬಾರದು ಅಂತ ಕುದಿಯುವ ಸಾರಿಗೆ ಒಂದೊಂದೇ ಹೇಗೆ ಬಿಡುತ್ತಿದ್ದಳು, ಎಲ್ಲ ಹೇಳಿದರು. ಇದರಲ್ಲಿ ಚಕ್ಕೆ ಲವಂಗ ಸಾಲದು ಅಂದರು. ಆದರೂ ಆ ಅರ್ಧವನ್ನು ಪೂರ್ತಿ ತಿಂದರು.

ಆಮೇಲೆ ಆಲೂಗೆಡ್ಡೆ. ಉದ್ದಕ್ಕೆ ಸೀಳಿ ಕರಿದದ್ದು. ಅಪ್ಪ ಒಂದನ್ನು ಎತ್ತಿಕೊಂಡು ಬೆಳಕಿಗೆ ಹಿಡಿದರು. ತುದಿ ಕಂದು ತಿರುಗಿತ್ತು. ಮುರಿದು ಮೂಸಿದರು. "ಇದು ಕೋಲ್ಡ್ ಸ್ಟೋರೇಜ್ ಮಾಲು" ಅಂದರು. ಹುಡುಗ ಒಳಗೆ ಹೋಗಿ ಅಡುಗೆಯವರನ್ನೇ ಕರೆದುಕೊಂಡು ಬಂದ. ಅವರು ಕೈ ಒರೆಸಿಕೊಂಡು ಬಂದು, "ಹೌದು ಯಜಮಾನ್ರೇ, ನಿಮಗೆ ಹೇಗೆ ಗೊತ್ತಾಯ್ತು?" ಅಂತ ಕುರ್ಚಿ ಎಳೆದುಕೊಂಡು ಕೂತೇಬಿಟ್ಟರು.

ಅಪ್ಪ ಬಿಡಿಸಿ ಹೇಳಿದರು. ಮೂರು ನಾಲ್ಕು ಡಿಗ್ರಿ ತಂಪಿನಲ್ಲಿ ತಿಂಗಳುಗಟ್ಟಲೆ ಇಟ್ಟರೆ ಗೆಡ್ಡೆಯ ಒಳಗಿನ ಹಿಟ್ಟು ಸಕ್ಕರೆ ಆಗುತ್ತದೆ. ಎಣ್ಣೆಗೆ ಬಿಟ್ಟಾಗ ಬೇಗ ಕಂದಾಗುವುದು ಆ ಸಕ್ಕರೆಯಿಂದ. ಹೊರಗೆ ತೆಗೆದು ಎರಡು ವಾರ ನೆರಳಲ್ಲಿ ಇಟ್ಟರೆ ಸಕ್ಕರೆ ಕಮ್ಮಿಯಾಗುತ್ತದೆ. ಸೀಳಿದ ಮೇಲೆ ಚೆನ್ನಾಗಿ ನೀರಲ್ಲಿ ನೆನೆಸಿ ತೊಳೆದರೂ ಆಗುತ್ತದೆ. "ಈಗ ನಮ್ಮ ಹಾಸನದ ಹೊಸ ಗೆಡ್ಡೆ ಕೀಳೋ ಕಾಲ. ಉತ್ತರದ ಕಡೆ ಹಳೇ ಮಾಲು ಯಾಕೆ ತಂದ್ರಿ?" ಅಂತ ಕೇಳಿದರು. ಹೊಸದರಲ್ಲಿ ನೀರು ಜಾಸ್ತಿ, ಕರಿದರೆ ಮೆತ್ತಗಾಗುತ್ತದೆ ಅಂದರು ಅಡುಗೆಯವರು. ಅಪ್ಪ ಒಪ್ಪಿದರು. ಜ್ಯೋತಿ ತಳಿ ಪಲ್ಯಕ್ಕೆ, ಸಾರಿಗೆ ಸರಿ, ಕರಿಯೋಕೆ ಅಂತಲೇ ಚಿಪ್ಸೋನಾ ತಳಿ ಬಂದಿದೆ ಅಂದರು. ಆದರೂ ಎರಡು ಸಲ ಕರಿದು ನೋಡಿ, ಮೊದಲು ಸಣ್ಣ ಉರಿ, ಆರಿಸಿ ಆಮೇಲೆ ದೊಡ್ಡ ಉರಿ ಅಂತ ಇವರು. ನಾವು ಹಾಗೇ ಮಾಡೋದು ಅಂತ ಅವರು. ಇಬ್ಬರೂ ನನ್ನನ್ನು ಮರೆತೇಬಿಟ್ಟಿದ್ದರು. ಮಗಳು ಗಲ್ಲಕ್ಕೆ ಕೈ ಕೊಟ್ಟು ಕೇಳುತ್ತಾ ಕೂತಿದ್ದಳು.

ಕುಫ್ರಿ ಜ್ಯೋತಿ 1968ರಲ್ಲಿ ಬಿಡುಗಡೆಯಾದ ತಳಿ, ಹೆಸರು ಶಿಮ್ಲಾ ಹತ್ತಿರದ ಕುಫ್ರಿ ಊರಿನದು. ನಮ್ಮ ಹೊಲದಲ್ಲಿ ಅಪ್ಪ ಹಾಕುತ್ತಿದ್ದದ್ದು ಅದನ್ನೇ. ಜಲಂಧರದ ಬೀಜ ಲಾರಿಯಲ್ಲಿ ಹಾಸನದ ಎಪಿಎಂಸಿಗೆ ಬಂದರೆ ರಾತ್ರಿಯೇ ಹೋಗಿ ಮೂಟೆ ಮೇಲೆ ಮಲಗುತ್ತಿದ್ದರಂತೆ. ಅಮ್ಮ ಕುಡುಗೋಲು ಮುಂದಿಟ್ಟುಕೊಂಡು, ಪ್ರತಿ ಹೋಳಿನಲ್ಲೂ ಕಣ್ಣು ಇರುವ ಹಾಗೆ ನೋಡಿ ಬೀಜ ಕತ್ತರಿಸುತ್ತಿದ್ದಳು. ಇದು ನನಗೂ ನೆನಪಿದೆ, ಮೊಳಕೆ ಬಂದ ಆ ವಾಸನೆ ಸಮೇತ. ನನಗೆ ಗೊತ್ತಿಲ್ಲದಿದ್ದದ್ದು ಒಂದು ಇತ್ತು. ಒಂದು ವರ್ಷ ನಾಲ್ಕು ದಿನ ಬಿಡದೆ ಮೋಡ, ಸೋನೆ. ಐದನೇ ದಿನ ಹೊಲಕ್ಕೆ ಹೋದರೆ ಮೂರು ಎಕರೆ ಎಲೆಯೂ ಸುಟ್ಟ ಹಾಗೆ ಕಪ್ಪು. ಅಂಗಮಾರಿ ರೋಗ. ಆ ಸಲದ ಬೀಜಕ್ಕೆ ಅಮ್ಮನ ಎರಡೆಳೆ ಸರ ಅಡ ಇಟ್ಟಿದ್ದರಂತೆ. ಮಾರನೇ ವರ್ಷದಿಂದ ಮುಸುಕಿನ ಜೋಳ. ಸರ ಬಿಡಿಸೋಕೆ ಮೂರು ವರ್ಷ ಹಿಡಿಯಿತು, ಅವಳು ಒಂದು ದಿನವೂ ಬಾಯಿ ಬಿಟ್ಟು ಕೇಳಲಿಲ್ಲ ಅಂದರು. ನಿಮಗೆ ಈ ವಿಷಯ ಗೊತ್ತಿತ್ತಾ ಚಿಕ್ಕಮ್ಮ?

ಮಗಳು ಆಗ, "ತಾತ, ಐರ್ಲೆಂಡಿನಲ್ಲಿ 1845ರಲ್ಲಿ ಬಂದದ್ದೂ ಇದೇ ರೋಗ" ಅಂದಳು. ಅಲ್ಲಿನ ಬಡವರಿಗೆ ಆಲೂಗೆಡ್ಡೆಯೇ ಊಟ. ವರ್ಷಗಟ್ಟಲೆ ಬೆಳೆ ಹೋಗಿ ಸುಮಾರು 10 ಲಕ್ಷ ಜನ ಸತ್ತರು, ಎಷ್ಟೋ ಜನ ಹಡಗು ಹತ್ತಿ ದೇಶ ಬಿಟ್ಟರು. ಅಪ್ಪ ಸುಮಾರು ಹೊತ್ತು ಮಾತಾಡಲಿಲ್ಲ. "ಅಷ್ಟು ದೂರದಲ್ಲೂ ಇದೇನಾ" ಅಂದು ಟವೆಲ್ಲಿನಲ್ಲಿ ಕೈ ಒರೆಸಿಕೊಂಡರು.

ಎರಡೂವರೆ ಗಂಟೆ ಕೂತಿದ್ದೆವು. ಯಾರೂ ಬಿಲ್ಲು ತಂದಿಟ್ಟು ಎಬ್ಬಿಸಲಿಲ್ಲ. ಸಂಜೆ ಬಿ.ಪಿ. ನೋಡಿದೆ, 138ಕ್ಕೆ 84 ಇತ್ತು, ಎಂದಿನ ಹಾಗೇ. ರಾತ್ರಿ ಒಂದು ಲೋಟ ಮಜ್ಜಿಗೆ ಸಾಕು ಅಂದರು. ಅದನ್ನು ಕುಡಿದದ್ದು ನಮ್ಮ ಜೊತೆ, ಹಾಲ್‌ನಲ್ಲಿ ಕೂತು.

ಬರುವ ಭಾನುವಾರ ಮತ್ತೆ ಹೋಗುತ್ತಿದ್ದೇವೆ. ಹೊಸ ಗೆಡ್ಡೆ ತಂದುಕೊಡುತ್ತೇನೆ, ಕರಿದು ನೋಡೋಣ ಅಂತ ಅಪ್ಪ ಅಡುಗೆಯವರಿಗೆ ಮಾತು ಕೊಟ್ಟಿದ್ದಾರೆ. ಚಿಕ್ಕಪ್ಪ ಹೊಲದಲ್ಲಿ ಕಿತ್ತಾಗಿದೆಯಾ? ಆಗಿದ್ದರೆ ಐದು ಕೆ.ಜಿ. ತೆಗೆದಿಡಿ. ತೀರಾ ಸಣ್ಣದು ಬೇಡ, ಹಸಿರು ತಿರುಗಿದ್ದು ಬೇಡ, ಮಣ್ಣು ತೊಳೆಯಬೇಡಿ, ನೆರಳಲ್ಲಿ ಹರಡಿ ಇಡಿ. ಇಷ್ಟೂ ಅಪ್ಪ ಈಗ ಪಕ್ಕದಲ್ಲಿ ನಿಂತು ಹೇಳಿಸುತ್ತಿರುವುದು. ನೀವೂ ಚಿಕ್ಕಪ್ಪನೂ ಒಟ್ಟಿಗೇ ಬನ್ನಿ, ಅಣ್ಣ ನೀನೂ ಮೈಸೂರಿನಿಂದ ಬೆಳಿಗ್ಗೆ ಹೊರಟುಬಿಡು. ಒಂದು ಗಂಟೆಗೆ ಅಲ್ಲಿರೋಣ. ಎಷ್ಟು ಜನ ಅಂತ ಗುರುವಾರದ ಒಳಗೆ ಹೇಳಿ, ಕಿಟಕಿ ಪಕ್ಕದ ದೊಡ್ಡ ಟೇಬಲ್ಲು ಹೇಳಿ ಇಡುತ್ತೇನೆ.